ಬಣ್ಣಕ್ಕಿಂತ ಮುಂಚೆ ತಗಡು ನೋಡು, ತಮ್ಮಾ

ತಮ್ಮಾ, ನಿನ್ನ ಛೋಟಾ ಹಾತಿಗೆ ಹೊಸ ಬಣ್ಣ ಹೊಡೆಸಬೇಕು ಅಂತ ನಿಮ್ಮವ್ವ ಹೇಳಿದಳು. ಹೊಡೆಸು, ಬ್ಯಾಡ ಅನ್ನುವುದಿಲ್ಲ. ಮಲ್ಲಟದಿಂದ ಸಿರವಾರ, ಮಾನ್ವಿ, ರಾಯಚೂರು ಅಂತ ದಿನಾ ಲೋಡು ಹೊತ್ತು ನಿನ್ನ ಮನೆ ನಡೆಸುತ್ತಿರುವ ಗಾಡಿ ಅದು, ಅದರ ಮೈ ನೋಡಿಕೊಳ್ಳುವುದು ಶೋಕಿ ಅಲ್ಲ. ಆದರೆ ಕಡಿಮೆ ದುಡ್ಡಿನಲ್ಲಿ ಮುಗಿಸಬೇಕು ಅಂತ ಹೊರಟಿದ್ದೀಯ ಅಂತಲೂ ಕೇಳಿದೆ. ಅದಕ್ಕೇ ಗ್ಯಾರೇಜಿಗೆ ಬಿಡುವ ಮುಂಚೆ ಇದನ್ನು ಓದು ಅಂತ ಬರೆಯುತ್ತಿದ್ದೇನೆ. ಎಂಟು ತಿಂಗಳಿಗೆ ಉಬ್ಬಿ ಏಳುವ ಬಣ್ಣ ಎಷ್ಟು ಅಗ್ಗಕ್ಕೆ ಸಿಕ್ಕರೂ ತುಟ್ಟಿಯೇ. ನಾಲ್ಕೈದು ವರ್ಷ ಮತ್ತೆ ಆ ಕಡೆ ಹಾಯದಂತೆ ಮಾಡಿಸಿದರೆ ಅದೇ ಅಗ್ಗ.

ನಮ್ಮ ಕಡೆ ಗಾಡಿ ಹಾಳಾಗುವ ರೀತಿಯೇ ಬೇರೆ. ನೆತ್ತಿಯ ಬಣ್ಣವನ್ನು ಬಿಸಿಲು ತಿನ್ನುತ್ತದೆ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಕೆಂಪು ಬಣ್ಣ ಮೊದಲು ಸಾಯುತ್ತದೆ, ಹಳೆಯ ಕೆಂಪು ಟ್ರ್ಯಾಕ್ಟರುಗಳ ಬಾನೆಟ್ ನೋಡಿದರೆ ಗೊತ್ತಾಗುತ್ತದೆ. ಕೆಳಗಿನಿಂದ ತಿನ್ನುವುದು ಎರೆ ಮಣ್ಣು. ಎಡದಂಡೆ ಕಾಲುವೆಯ ಗದ್ದೆಗೆ ಇಳಿದು ಬಂದ ಗಾಡಿಯ ಮಡ್‌ಗಾರ್ಡ್ ಒಳಗೆ ಆ ಮಣ್ಣು ಅಂಟಿಕೊಂಡರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಹಿಡಿದೇ ಇರುತ್ತದೆ. ಇನ್ನು ಗೊಬ್ಬರ. ಯೂರಿಯಾ, ಪೊಟ್ಯಾಷ್ ಚೀಲ ಹರಿದು ಲೋಡ್ ಬಾಡಿಯ ಮೂಲೆಯಲ್ಲಿ ಉದುರಿದ್ದನ್ನು ನಾವು ಕಸಬರಿಗೆಯಲ್ಲಿ ದೂಡಿ ಸುಮ್ಮನಾಗುತ್ತೇವೆ. ಉಳಿದ ಹರಳು ಗಾಳಿಯ ತೇವ ಎಳೆದುಕೊಂಡು ತಗಡನ್ನು ಕೊರೆಯುತ್ತದೆ. ಹಾಗಾಗಿ ನಮ್ಮ ಗಾಡಿಗಳ ಜಂಗು ಕಣ್ಣಿಗೆ ಕಾಣುವ ಕಡೆ ಇರುವುದೇ ಕಡಿಮೆ.

ಮೊದಲು ಗಾಡಿಯನ್ನು ಅಡಿಯಿಂದ ತೊಳೆಸು. ಒಣಗಿದ ಮೇಲೆ ಒಂದು ಸ್ಕ್ರೂಡ್ರೈವರ್ ಹಿಡಿದು ಕೂತು, ಬಾಗಿಲಿನ ಕೆಳ ಅಂಚು, ಮಡ್‌ಗಾರ್ಡ್ ಒಳಮಗ್ಗುಲು, ಲೋಡ್ ಬಾಡಿಯ ಮೂಲೆ, ಡ್ರೈವರ್ ಕಾಲಡಿಯ ತಗಡು, ಇಷ್ಟೂ ಕಡೆ ಮೆಲ್ಲಗೆ ಒತ್ತಿ ನೋಡು. ಗಟ್ಟಿ ಇದ್ದರೆ ಮೇಲಿನ ಜಂಗು, ತಿಕ್ಕಿದರೆ ಹೋಗುತ್ತದೆ. ಮೊನೆ ಒಳಕ್ಕೆ ಇಳಿದರೆ ಅಲ್ಲಿ ತಗಡು ಉಳಿದಿಲ್ಲ. ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಗಾಡಿಯಾದ್ದರಿಂದ ಇನ್ನೊಂದು ಪರೀಕ್ಷೆಯೂ ಬೇಕು. ಒಂದು ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆಲ್ಲ ಆಡಿಸು. ಎಲ್ಲಿ ಅದು ಹಿಡಿಯದೆ ಜಾರುತ್ತದೋ ಅಲ್ಲಿ ಹಳೆಯ ಮಾಲೀಕ ದಪ್ಪಗೆ ಪುಟ್ಟಿ ತುಂಬಿಸಿದ್ದಾನೆ. ಆ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೇ ಪೇಂಟರ್ ಹತ್ತಿರ ಹೋಗು. ಗುರುತು ಹಾಕಿಕೊಂಡು ಬಂದ ಗಿರಾಕಿಯ ಹತ್ತಿರ ಯಾರೂ ಅಂದಾಜಿಗೆ ರೇಟು ಹೇಳುವುದಿಲ್ಲ.

ಇಡೀ ಗಾಡಿಗೆ ಬಣ್ಣ ಬೇಕೇ ಬೇಕಾ ಅನ್ನುವುದನ್ನೂ ಮನೆಯಲ್ಲೇ ತಿಳಿದುಕೋ. ಮಂಕಾದ ಜಾಗಕ್ಕೆ ನೀರು ಚಿಮುಕಿಸು. ಒದ್ದೆಯಿದ್ದಷ್ಟು ಹೊತ್ತು ಹಳೆಯ ಬಣ್ಣ ಎದ್ದು ಕಂಡರೆ ಅದು ಇನ್ನೂ ಸತ್ತಿಲ್ಲ. ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಮೇಲೆ ಪಾಲಿಶ್ ಹೊಡೆದರೆ ಮುಕ್ಕಾಲು ಪಾಲು ಕಳೆ ವಾಪಸ್ ಬರುತ್ತದೆ. ಕಾಂಪೌಂಡ್ ಡಬ್ಬಿಗೆ ಆಗುವ ಖರ್ಚು, ಪೇಂಟಿಂಗ್ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ಬಣ್ಣ ಹಾವಿನ ಪೊರೆಯಂತೆ ಸುಲಿಯುತ್ತಿದ್ದರೆ ಮಾತ್ರ ಕಾಂಪೌಂಡ್ ಕೆಲಸಕ್ಕೆ ಬರುವುದಿಲ್ಲ, ಆ ಭಾಗ ತಿಕ್ಕಿ ಹೊಡೆಸಲೇಬೇಕು. ನಿನ್ನ ಕ್ಯಾಬಿನ್ನಿನ ನೆತ್ತಿ ಮತ್ತು ಎಡ ಬಾಗಿಲು ಹಾಗಿವೆ, ನಾನೇ ನೋಡಿದ್ದೇನೆ. ಹೊಡೆಸುವಾಗ ಅರ್ಧ ಬಾಗಿಲು, ಒಂದು ಮೂಲೆ ಅಂತ ತುಂಡು ಮಾಡಬೇಡ. ಜಾಯಿಂಟಿನಿಂದ ಜಾಯಿಂಟಿಗೆ ಇಡೀ ಭಾಗ ಹೊಡೆಸು. ಬಿಸಿಲಿಗೆ ಬೆಳ್ಳಗಾದ ಬಣ್ಣಕ್ಕೆ ಹೊಸ ಬಣ್ಣ ಯಾವತ್ತೂ ಸರಿಯಾಗಿ ಕೂಡುವುದಿಲ್ಲ, ತೇಪೆ ದೂರಕ್ಕೇ ಕಾಣುತ್ತದೆ.

ಪೇಂಟರ್ ಹತ್ತಿರ ಮಾತಾಡುವಾಗ "ಒಟ್ಟು ಎಷ್ಟು?" ಅಂತ ಕೇಳಬೇಡ. ಟಿಂಕರಿಂಗ್ ಎಷ್ಟು, ತಿಕ್ಕಿ ಪುಟ್ಟಿ–ಪ್ರೈಮರ್ ಹಚ್ಚುವುದಕ್ಕೆ ಎಷ್ಟು, ಬಣ್ಣ ಹೊಡೆಯುವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿಕೋ. ಒಟ್ಟು ಗುತ್ತಿಗೆ ಕೊಟ್ಟು, ಮೇಲೆ ಚೌಕಾಸಿಯನ್ನೂ ಮಾಡಿದರೆ ಅವನು ಎಲ್ಲಿ ಉಳಿಸುತ್ತಾನೆ ಹೇಳು? ಕಣ್ಣಿಗೆ ಕಾಣದ ಕಡೆ, ಅಂದರೆ ತಿಕ್ಕುವುದರಲ್ಲಿ. ಮಾನ್ವಿಯಲ್ಲಿ ವಯಸ್ಸಾದ ಒಬ್ಬ ಉಸ್ತಾದ್ ನನಗೆ ಹೇಳುತ್ತಿದ್ದ: "ಬಣ್ಣಾ ಹೊಡಿಯೋದು ಒಂದ್ ಹೊತ್ತಿನ ಕೆಲಸ ಐತ್ರಿ, ತಿಕ್ಕೋದ್ರಾಗೇ ಜೀವಾ ಹೋಗ್ತೈತಿ." ಆ ತಿಕ್ಕುವ ಕೂಲಿಯಲ್ಲಿ ಒಂದು ರೂಪಾಯಿಯೂ ಇಳಿಸಬೇಡ. ಇಳಿಸುವುದಿದ್ದರೆ ನಿನ್ನ ಕೈಯಿಂದ ಆಗುವ ಕೆಲಸ ನೀನು ಮಾಡು. ಲೋಡ್ ಬಾಡಿಯ ಹಲಗೆ ಬಿಚ್ಚುವುದು, ಸೀಟು, ಲೈಟು, ಬಂಪರ್ ತೆಗೆಯುವುದು, ಜಂಗು ಹಿಡಿದ ಕಡೆ ತಂತಿ ಬ್ರಷ್ ಹಾಕಿ ಉಜ್ಜುವುದು, ಗಾಜಿಗೆ ಹಳೇ ಪೇಪರ್ ಅಂಟಿಸುವುದು, ಇದಕ್ಕೆಲ್ಲ ಉಸ್ತಾದ್ ಬೇಕಾಗಿಲ್ಲ.

ಸಾಮಾನು ರಾಯಚೂರಿನಲ್ಲಿ ನೀನೇ ಬಿಲ್ ಹಾಕಿಸಿ ತಾ. ಬಣ್ಣದ ಕೋಡ್ ಗಾಡಿಯ ಪ್ಲೇಟಿನ ಮೇಲೆ ಇದ್ದರೆ ಫೋಟೋ ಹೊಡೆದುಕೊಂಡು ಹೋಗು, ಮಿಕ್ಸಿಂಗ್ ಮಷೀನ್ ಇಟ್ಟಿರುವ ಅಂಗಡಿಯವರು ಅದಕ್ಕೆ ಸರಿಯಾಗಿ ಕಲಸಿ ಕೊಡುತ್ತಾರೆ. ಪ್ರೈಮರ್, ಬಣ್ಣ, ಥಿನ್ನರ್, ಹಾರ್ಡ್ನರ್ ನಾಲ್ಕೂ ಒಂದೇ ಕಂಪನಿಯದು ಇರಲಿ.

ಈಗ ಮುಖ್ಯವಾದದ್ದು. ಜಂಗಿನ ಮೇಲೆ ಪುಟ್ಟಿ ಹಚ್ಚಲು ಬಿಡಬೇಡ. ತೂತು ಬಿದ್ದ ಕಡೆ ಕೊಳೆತ ತಗಡನ್ನು ಕತ್ತರಿಸಿ, ಹೊಸ ತಗಡು ವೆಲ್ಡಿಂಗ್ ಮಾಡಿಸಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆಸು, ಡೀಸೆಲ್ ಟ್ಯಾಂಕ್ ಹತ್ತಿರವಿದ್ದರೆ ಬಿಚ್ಚಿಸಿ ದೂರ ಇಡಿಸು. ತಗ್ಗನ್ನು ಸುತ್ತಿಗೆಯಲ್ಲೇ ಎಷ್ಟಾಗುತ್ತದೋ ಅಷ್ಟು ಎಬ್ಬಿಸಬೇಕು. ಪುಟ್ಟಿ ಇರುವುದು ಉಳಿದ ಏರಿಳಿತ ಮುಚ್ಚಲಿಕ್ಕೆ, ಎರಡು ಮೂರು ಮಿಲಿಮೀಟರ್ ಸಾಕು. ದಪ್ಪ ಪುಟ್ಟಿ ನಮ್ಮ ಮಣ್ಣುರಸ್ತೆಯ ಕುಲುಕಾಟಕ್ಕೆ ಸೀಳುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ, ಒಳಗಿನಿಂದ ಮತ್ತೆ ಜಂಗು. ಪ್ರೈಮರ್ ಹಚ್ಚಿಸಿ "ಮುಂದಿನ ವಾರ ನೋಡೋಣ" ಅಂತ ಗಾಡಿಯನ್ನು ಬಾಡಿಗೆಗೂ ಒಯ್ಯಬೇಡ. ಪ್ರೈಮರ್ ನೀರು ಹೀರುತ್ತದೆ, ಮಳೆಗೂ ಇಬ್ಬನಿಗೂ ತಡೆಯಲ್ಲ. ಪುಟ್ಟಿಯನ್ನು ಒರಟು ಪೇಪರಿನಿಂದ ಒಣಗಿದ್ದಾಗಲೇ ತಿಕ್ಕಬೇಕು, ಪ್ರೈಮರ್ ಮೇಲೆ 400 ನಂಬರಿನ ವಾಟರ್ ಪೇಪರ್ ಓಡಿಸಬೇಕು, ಆಮೇಲೆ ನೀರು ಪೂರ್ತಿ ಆರಬೇಕು. ತಿಕ್ಕಿದ ಜಾಗದ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸು. ಕಣ್ಣಿಗೆ ಕಾಣದ ಅಂಚು ಕೈಗೆ ತಾಗುತ್ತದೆ. ತಾಗಿದರೆ ಇನ್ನೊಮ್ಮೆ ತಿಕ್ಕಿಸು.

ಯಾವ ಬಣ್ಣ ಅಂದರೆ, ಎನ್‌ಸಿ, ಎನಾಮೆಲ್, ಪಿಯು ಅಂತ ಮೂರು ಹೇಳುತ್ತಾರೆ. ಎನ್‌ಸಿ ಬೇಗ ಆರುತ್ತದೆ, ಅಗ್ಗವೂ ಹೌದು, ಆದರೆ ನಮ್ಮ ಬಿಸಿಲಿಗೆ ಕಳೆ ನಿಲ್ಲುವುದಿಲ್ಲ. ಹಳೆಯ ಎನಾಮೆಲ್ ಮೇಲೆ ಹೊಡೆದರೆ ಅದರ ಥಿನ್ನರ್ ಕೆಳಗಿನ ಬಣ್ಣವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಎನಾಮೆಲ್ ಗಟ್ಟಿ, ಆದರೆ ಆರುವುದು ನಿಧಾನ, ಅಷ್ಟರೊಳಗೆ ಧೂಳು ಕೂರುತ್ತದೆ. ಲೋಡ್ ಬಾಡಿಗೆ, ಟ್ರ್ಯಾಕ್ಟರ್ ಟ್ರೇಲರಿಗೆ ರೆಡ್ ಆಕ್ಸೈಡ್ ಮೇಲೆ ಎನಾಮೆಲ್ ಎರಡು ಕೈ ಬ್ರಷ್‌ನಲ್ಲಿ ಹಚ್ಚಿದರೂ ಸಾಕು, ಅಲ್ಲಿ ಹೇಗಿದ್ದರೂ ಚೀಲ ಎಳೆದು ಗೀರು ಬೀಳುತ್ತವೆ. ಕ್ಯಾಬಿನ್ನಿಗೆ ಮಾತ್ರ ಹಾರ್ಡ್ನರ್ ಹಾಕುವ ಪಿಯು ಹೊಡೆಸು. ದುಡ್ಡು ಹೆಚ್ಚು, ಬಾಳಿಕೆ ಅದಕ್ಕಿಂತ ಹೆಚ್ಚು. ಹಾರ್ಡ್ನರ್ ಪ್ರಮಾಣ ಡಬ್ಬಿಯ ಮೇಲೆ ಬರೆದಷ್ಟೇ, ಅಳೆದು ಹಾಕಬೇಕು. ಮೆಟಾಲಿಕ್ ಮೋಹ ಬೇಡ, ಅದಕ್ಕೆ ಮೇಲೊಂದು ಕ್ಲಿಯರ್ ಕೋಟ್ ಬೇಕು, ನಾಳೆ ಒಂದು ಗೀರು ಬಿದ್ದರೆ ಕೂಡಿಸುವುದೂ ಕಷ್ಟ. ನಿನ್ನ ಗಾಡಿ ಬಿಳಿ, ಬಿಳಿಯೇ ಇರಲಿ. ಬಿಸಿಲಿಗೆ ಕಮ್ಮಿ ಕಾಯುತ್ತದೆ.

ಬಿಳಿ ಇರಲಿ ಅನ್ನುವುದಕ್ಕೆ ಕಾಗದದ ಕಾರಣವೂ ಇದೆ. ಆರ್‌ಸಿಯಲ್ಲಿ ಗಾಡಿಯ ಬಣ್ಣ ಬರೆದಿರುತ್ತಾರೆ. ಬದಲಿಸಿದರೆ ರಾಯಚೂರಿನ ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು, ಇನ್ಶೂರೆನ್ಸ್‌ನವರಿಗೂ ಹೇಳಬೇಕು. ಮಿಲಿಟರಿಯವರ ಹಸಿರಂತೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನಮ್ಮಂಥವರ ಗಾಡಿಗೆ ನಿಷೇಧ. ನಿನ್ನದು ಎಂಟು ವರ್ಷ ದಾಟಿದ ಗೂಡ್ಸ್ ಗಾಡಿ, ವರ್ಷಕ್ಕೊಮ್ಮೆ ಎಫ್‌ಸಿ ಇದ್ದೇ ಇದೆ, ಆದ್ದರಿಂದ ಎಫ್‌ಸಿಗೆ ಮುಂಚೆ ಈ ಕೆಲಸ ಮುಗಿಸು. ಚಾಸಿ ನಂಬರ್ ಕೊರೆದಿರುವ ಜಾಗಕ್ಕೆ ನೀನೇ ನಿಂತು ಟೇಪ್ ಹಚ್ಚಿಸು. ಆ ಅಕ್ಷರಗಳ ಮೇಲೆ ಪುಟ್ಟಿ ಕೂತರೆ ಅಥವಾ ಪಾಲಿಶ್ ಪೇಪರ್ ಓಡಿದರೆ ಎಫ್‌ಸಿ ಹೊತ್ತಿಗೆ ಪಡಬಾರದ ಪಾಡು ಪಡುತ್ತೀಯ. ನಂಬರ್ ಪ್ಲೇಟೂ ಹಾಗೆಯೇ. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಗಳೂ ಎಚ್‌ಎಸ್‌ಆರ್‌ಪಿ ಹಾಕಿಸಬೇಕು ಅಂತ ಸರ್ಕಾರ 2023ರಲ್ಲಿ ಆದೇಶ ಮಾಡಿದ ಮೇಲೆ ನೀನೂ ಹಾಕಿಸಿದ್ದೀಯಲ್ಲ, ಅದರ ಲಾಕ್ ಒಡೆದರೆ ಮತ್ತೆ ಕೂರುವುದಿಲ್ಲ. ಬಿಚ್ಚುವುದು ಬೇಡ, ಪೇಪರ್ ಸುತ್ತಿ ಮುಚ್ಚಿಸು. ಬಣ್ಣ ಆರಿದ ಮೇಲೆ ಹಿಂದೆ ಮುಂದೆ ಹೊಳೆಯುವ ರಿಫ್ಲೆಕ್ಟರ್ ಟೇಪ್ ಹೊಸದು ಅಂಟಿಸು. ರಾತ್ರಿ ಭತ್ತದ ಲೋಡು ತರುವ ರಸ್ತೆಯಲ್ಲಿ ಆ ಟೇಪು ಜೀವ ಉಳಿಸುತ್ತದೆ.

ಆಯುಧ ಪೂಜೆಗೆ ಗಾಡಿ ಮಿಂಚಬೇಕು ಅಂತ ಎಲ್ಲರೂ ಒಂದೇ ವಾರ ಮುಗಿಬೀಳುತ್ತಾರೆ. ಆಗ ಉಸ್ತಾದನಿಗೆ ತಿಕ್ಕಲು ಪುರುಸೊತ್ತಿರುವುದಿಲ್ಲ, ರೇಟೂ ಏರಿರುತ್ತದೆ. ಮಳೆಗಾಲದ ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಗನ್ನಿನಿಂದ ಹೊರಟ ಬಣ್ಣ ತಗಡು ಮುಟ್ಟುವ ಮುಂಚೆಯೇ ಒಣಗಿ ಮೈಯೆಲ್ಲ ಕಿತ್ತಳೆ ಸಿಪ್ಪೆಯಂತೆ ತರಿತರಿ ಆಗುತ್ತದೆ. ಸಂಕ್ರಾಂತಿ ಮುಗಿದು ಶಿವರಾತ್ರಿ ಬರುವುದರೊಳಗೆ ಮಾಡಿಸು. ಭತ್ತದ ಲೋಡೂ ಆ ಹೊತ್ತಿಗೆ ಇಳಿದಿರುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮುಂಚೆ, ಶೆಡ್ಡಿನೊಳಗೆ ನೆಲಕ್ಕೆ ನೀರು ಹೊಡೆದು ಧೂಳು ಕೂರಿಸಿ ಗನ್ ಹಿಡಿಯಲಿ.

ಗನ್ ಹಿಡಿಯುವವನ ಬಗ್ಗೆಯೂ ಒಂದು ಮಾತು, ಇದನ್ನು ಹಗುರಾಗಿ ತಗೋಬೇಡ. ಪಿಯು ಹಾರ್ಡ್ನರಿನಲ್ಲಿ ಐಸೊಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದರ ಆವಿ, ತುಂತುರು ಎದೆಗೆ ಇಳಿದು ಆಸ್ತಮಾ ಹಚ್ಚುತ್ತದೆ, ಒಮ್ಮೆ ಹತ್ತಿದರೆ ಆ ಕಸುಬನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಕಟ್ಟಿದ ಟವೆಲ್ ಧೂಳನ್ನಷ್ಟೇ ತಡೆಯುತ್ತದೆ. ಗ್ಯಾರೇಜಿನಲ್ಲಿ ಕಾರ್ಟ್ರಿಡ್ಜ್ ಹಾಕುವ ಮಾಸ್ಕ್ ಇಲ್ಲದಿದ್ದರೆ ಬಣ್ಣದ ಜೊತೆ ಅದನ್ನೂ ಒಂದು ಕೊಂಡೊಯ್ದು ಕೊಡು. ಹತ್ತಿರ ಬೀಡಿ ಹಚ್ಚಲು ಯಾರನ್ನೂ ಬಿಡಬೇಡ, ಹುಡುಗರನ್ನು ಆ ಶೆಡ್ಡಿನೊಳಗೆ ನಿಲ್ಲಿಸಿಕೊಳ್ಳಬೇಡ.

ಹೊಸ ಬಣ್ಣಕ್ಕೆ ಒಂದು ತಿಂಗಳು ಪಾಲಿಶ್, ವ್ಯಾಕ್ಸ್ ಏನೂ ಬೇಡ, ಬರೀ ನೀರಿನಲ್ಲಿ ತೊಳೆ. ಬೋರಿನ ಗಡಸು ನೀರು ಬಿಸಿಲಲ್ಲೇ ಆರಿದರೆ ಬಿಳಿ ಕಲೆ ಕೂರುತ್ತದೆ, ನೆರಳಲ್ಲಿ ತೊಳೆದು ತಕ್ಷಣ ಒರೆಸು. ಗೊಬ್ಬರ ಇಳಿಸಿದ ದಿನವೇ ಲೋಡ್ ಬಾಡಿಗೆ ನೀರು ಹೊಡೆ. ಬಾಗಿಲಿನ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ, ಪುಟ್ಟಿ–ಬಣ್ಣದಲ್ಲಿ ಮುಚ್ಚಿದ್ದರೆ ಕಡ್ಡಿ ಹಾಕಿ ಬಿಡಿಸು.

ಇಷ್ಟೆಲ್ಲ ಹೇಳಿದರೂ, ಸ್ಕ್ರೂಡ್ರೈವರ್ ಹಿಡಿದು ಚಾಸಿಯ ಉದ್ದಕ್ಕೂ ನೋಡಿದಾಗ ಅದೇ ಪದರು ಪದರಾಗಿ ಏಳುತ್ತಿದ್ದರೆ ಬಣ್ಣದ ಮಾತು ಬಿಡು. ಆ ಗಾಡಿಗೆ ಹಾಕುವ ದುಡ್ಡು ನೀರಿಗೆ ಹಾಕಿದಂತೆ, ಇನ್ನೊಂದು ಗಾಡಿಯ ಮುಂಗಡಕ್ಕೆ ಎತ್ತಿಡು. ಚಾಸಿ ಗಟ್ಟಿ ಇದ್ದರೆ ಧೈರ್ಯವಾಗಿ ಮಾಡಿಸು. ತಗಡು ಕತ್ತರಿಸಿ ತಿಕ್ಕಿ ಮುಗಿದು, ಪುಟ್ಟಿ ಹಚ್ಚುವ ಹಿಂದಿನ ದಿನ ನನಗೊಂದು ಫೋನ್ ಮಾಡು. ಬಸ್ಸು ಹತ್ತಿ ಬರುತ್ತೇನೆ, ಇಬ್ಬರೂ ನೋಡಿದ ಮೇಲೆಯೇ ಪುಟ್ಟಿಗೆ ಕೈ ಹಾಕಲಿ.