ಇಂದಿನ ಧಮ್ಮ ಚಿಂತನೆ: ಅಚ್ಚುಕಟ್ಟಾದ ಮನೆ, ಹಂಚಿಕೊಂಡ ಕೆಲಸ




ಭೀಮಾ ಕೋರೆಗಾಂವ್‌ಗೆ ಹೋದವರು ಊರಿಗೆ ಮರಳಿದ್ದಾರೆ. ನಿನ್ನೆ, ಜನವರಿ 3ರಂದು, ಸಾವಿತ್ರಿಬಾಯಿ ಫುಲೆಯವರ ಜಯಂತಿಯೂ ಆಯಿತು. ಗೋಡೆಗೆ ಹೊಸ ಕ್ಯಾಲೆಂಡರ್ ಬಂದಿದೆ. ಹಳೆಯದನ್ನು ಇಳಿಸಿದಾಗ ಅದರ ಹಿಂದಿನ ಜೇಡರ ಬಲೆ ಕಾಣುತ್ತದೆ, ಅಲ್ಲಿಂದಲೇ ಮನೆ ಸ್ವಚ್ಛ ಮಾಡುವ ಕೆಲಸ ಶುರುವಾಗುತ್ತದೆ. ಇಂದು ಅದನ್ನೇ ಯೋಚಿಸೋಣ. ಮನೆ ಅಚ್ಚುಕಟ್ಟು ಮಾಡುವುದು ಧಮ್ಮದ ವಿಷಯವೇ?

ಹೌದು. ವಿನಯಪಿಟಕದ ಚುಲ್ಲವಗ್ಗದಲ್ಲಿ ಭಿಕ್ಖುವು ತಾನಿರುವ ಕೋಣೆಯನ್ನು ಹೇಗೆ ಸ್ವಚ್ಛ ಮಾಡಬೇಕೆಂದು ಹೆಜ್ಜೆ ಹೆಜ್ಜೆಯಾಗಿ ಹೇಳಿದೆ. ಮೊದಲು ಪಾತ್ರೆ, ಚೀವರ ಹೊರಗಿಡಬೇಕು. ಹಾಸಿಗೆ, ಮಂಚಗಳನ್ನು ಬಾಗಿಲಿಗೆ ತಾಗಿಸದೆ, ಉಜ್ಜದೆ ಹೊರಗೆ ತರಬೇಕು. ಜೇಡರ ಬಲೆಯಿದ್ದರೆ ಮೇಲಿನಿಂದ ಮೊದಲು ತೆಗೆಯಬೇಕು. ಕಿಟಕಿ, ಮೂಲೆಗಳನ್ನು ಒರೆಸಬೇಕು. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ ಗುಡಿಸಬೇಕು. ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಕೊಡವಿ, ಮೊದಲು ಎಲ್ಲಿದ್ದವೋ ಅಲ್ಲೇ ಇಡಬೇಕು. ನಮ್ಮ ಅವ್ವಂದಿರು ಮಾಡುತ್ತಿದ್ದ ಕ್ರಮವೇ ಇದು.

ಹಳೆಯ ಬಟ್ಟೆಗಳನ್ನು ಏನು ಮಾಡುವುದು? ಅದಕ್ಕೆ ಆನಂದರ ಪ್ರಸಂಗವಿದೆ. ಕೋಸಂಬಿಯ ರಾಜ ಉದೇನನ ಅಂತಃಪುರದ ಸ್ತ್ರೀಯರು ಆನಂದರಿಗೆ 500 ವಸ್ತ್ರಗಳನ್ನು ದಾನ ಕೊಟ್ಟರು. ಇಷ್ಟು ಬಟ್ಟೆ ತೆಗೆದುಕೊಂಡು ವ್ಯಾಪಾರ ಮಾಡುತ್ತಾರೇನು ಎಂದು ರಾಜನಿಗೆ ಸಿಟ್ಟು. ಹೋಗಿ ಕೇಳಿದ. ಚೀವರ ಹರಿದ ಭಿಕ್ಖುಗಳಿಗೆ ಹಂಚುತ್ತೇನೆ ಎಂದರು ಆನಂದರು. ಅವರ ಹಳೆಯ ಚೀವರ? ಹಾಸಿಗೆಯ ಮೇಲುಹೊದಿಕೆಯಾಗುತ್ತದೆ. ಅದು ಹಳತಾದರೆ? ಗಾದಿಯ ಗವಸು. ಆಮೇಲೆ ನೆಲದ ಹಾಸು, ಆಮೇಲೆ ಕಾಲೊರೆಸು, ಆಮೇಲೆ ಧೂಳು ಒರೆಸುವ ಅರಿವೆ. ಕೊನೆಗೆ ಅದನ್ನೂ ಚೂರು ಮಾಡಿ, ಮಣ್ಣಿನಲ್ಲಿ ಕಲಸಿ ಮೆತ್ತುತ್ತೇವೆ. ರಾಜ ಸಂತೋಷಪಟ್ಟು ಇನ್ನೂ 500 ವಸ್ತ್ರ ಕೊಟ್ಟ. ಹಳೆಯ ಸೀರೆಯಲ್ಲಿ ಕೌದಿ ಹೊಲಿದ ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಕಪಾಟು ಖಾಲಿ ಮಾಡುವಾಗ ಪ್ರತಿ ವಸ್ತುವಿಗೂ ಆ ರಾಜನ ಪ್ರಶ್ನೆ ಕೇಳಬಹುದು: ಇನ್ನು ಇದು ಯಾರಿಗೆ, ಯಾವುದಕ್ಕೆ ಬರುತ್ತದೆ?

ವಸ್ತುಗಳ ಮಾತು ಇಷ್ಟಾಯಿತು. ಈ ಕೆಲಸ ಮಾಡುವವರು ಯಾರು ಎಂಬುದು ಮುಂದಿನ ಪ್ರಶ್ನೆ, ನಮ್ಮ ಪಾಲಿಗೆ ಮುಖ್ಯ ಪ್ರಶ್ನೆ.

ನನ್ನ ಅವ್ವ ನಸುಕಿನಲ್ಲೇ ಎದ್ದು ಊರ ದೊಡ್ಡವರ ಮನೆಯ ಕೊಟ್ಟಿಗೆಗೆ ಹೋಗಿ ಹೆಂಡಿಕಸ ತೆಗೆಯುತ್ತಿದ್ದಳು. ಹೊತ್ತೇರಿದ ಮೇಲೆ ಮನೆಗೆ ಬಂದು ನಮ್ಮ ಅಂಗಳ ಗುಡಿಸುತ್ತಿದ್ದಳು. ಅಲ್ಲಿ ಕಸಬರಿಗೆ ಕೈಗೆ ಬಂದದ್ದು ಹುಟ್ಟಿದ ಜಾತಿಯಿಂದ. ಇಲ್ಲಿ ಬಂದದ್ದು ಹೆಣ್ಣಾಗಿ ಹುಟ್ಟಿದ್ದರಿಂದ. ಜಾತಿ ಎಂದರೆ ಬರೀ ಕೆಲಸಗಳ ವಿಭಜನೆಯಲ್ಲ, ಕೆಲಸಗಾರರದೇ ವಿಭಜನೆ ಎಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ತೋರಿಸಿದರು. ಊರೊಳಗಿನ ಆ ವಿಭಜನೆಯನ್ನು ಬಿಟ್ಟು ಬಂದವರು ನಾವು. ಅಡುಗೆಮನೆಯೊಳಗೆ ಅದನ್ನೇ ಉಳಿಸಿಕೊಂಡರೆ ಬಿಟ್ಟು ಬಂದದ್ದು ಅರ್ಧ ಮಾತ್ರ.

ಎಂಟನೇ ತರಗತಿಯ ಮಕ್ಕಳಿಗೆ ಒಮ್ಮೆ ಬರೆಯಲು ಕೊಟ್ಟೆ: ‘ಇಂದು ಶಾಲೆಗೆ ಬರುವ ಮೊದಲು ನಾನು ಮಾಡಿದ ಕೆಲಸಗಳು’. ಹುಡುಗಿಯರು ನೀರು ತುಂಬಿದ್ದು, ಪಾತ್ರೆ ತೊಳೆದದ್ದು, ತಮ್ಮನ ತಲೆ ಬಾಚಿದ್ದು ಎಂದು ಪುಟ ತುಂಬಿಸಿದರು. ಹುಡುಗರಲ್ಲಿ ಹೆಚ್ಚಿನವರು ಹಲ್ಲುಜ್ಜಿದೆ, ಜಳಕ ಮಾಡಿದೆ, ಊಟ ಮಾಡಿದೆ ಎಂದು ನಿಲ್ಲಿಸಿದ್ದರು. ಒಬ್ಬ ಮಾತ್ರ ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದ: ‘ಉಳಿದದ್ದು ಅವ್ವ ಮಾಡಿದಳು.’

ಆ ‘ಉಳಿದದ್ದು’ ಎಷ್ಟು ಎಂದು ನೋಡುವುದೇ ಈ ವಾರದ ಸಾಧನೆ. ಅದಕ್ಕೆ ದೀಘನಿಕಾಯದ ಸಿಗಾಲೋವಾದ ಸುತ್ತ ನೆರವಾಗುತ್ತದೆ. ರಾಜಗೃಹದಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಗೃಹಸ್ಥನ ಮಗ ಸಿಗಾಲನಿಗೆ, ದಿಕ್ಕುಗಳೆಂದರೆ ನಿನ್ನ ಸುತ್ತಲಿನ ಮನುಷ್ಯರು ಎಂದು ಭಗವಾನರು ತಿಳಿಸಿದರು. ಕೆಳಗಿನ ದಿಕ್ಕು ಎಂದರೆ ದುಡಿಯುವ ಆಳುಗಳು. ಅವರಿಗೆ ಯಜಮಾನ ಮಾಡಬೇಕಾದ್ದು ಐದು: ಶಕ್ತಿಗೆ ತಕ್ಕಂತೆ ಕೆಲಸ ಹಂಚುವುದು, ಊಟ ಮತ್ತು ಕೂಲಿ ಕೊಡುವುದು, ಕಾಯಿಲೆಯಲ್ಲಿ ಆರೈಕೆ ಮಾಡುವುದು, ವಿಶೇಷ ತಿನಿಸನ್ನು ಹಂಚಿಕೊಳ್ಳುವುದು, ಕಾಲಕಾಲಕ್ಕೆ ಬಿಡುವು ಕೊಡುವುದು.

ಇದನ್ನು ಓದಿದಾಗಲೆಲ್ಲ ನನಗೆ ಅನಿಸುವುದು ಒಂದೇ. ಕೂಲಿಯಾಳಿಗೇ ಬಿಡುವು ಕೊಡಬೇಕು ಎಂದ ಮೇಲೆ, ಹೆತ್ತವಳಿಗೆ? ಹೆಂಡತಿಗೆ? ಜ್ವರ ಬಂದ ದಿನವೂ ಒಲೆಯ ಮುಂದೆ ನಿಲ್ಲುವವಳಿಗೆ?

ವಿನಯದಲ್ಲಿ ಶಿಷ್ಯನು ಗುರುವಿನ ಕೋಣೆ ಗುಡಿಸಬೇಕೆಂದಿದೆ. ಶಿಷ್ಯನಿಗೆ ಕಾಯಿಲೆಯಾದರೆ ಗುರುವೇ ಬೇಗನೆ ಎದ್ದು ಅವನಿಗೆ ಹಲ್ಲುಜ್ಜುವ ಕಡ್ಡಿ, ನೀರು, ಗಂಜಿ ಕೊಟ್ಟು ಅವನ ಕೋಣೆ ಗುಡಿಸಬೇಕೆಂದೂ ಇದೆ. ಸಂಘದಲ್ಲಿ ಕಸಬರಿಗೆ ಎರಡೂ ಕೈಗೆ ಹೋಗುತ್ತದೆ. ಮೊದಲ ಸಂಗೀತಿಯಲ್ಲಿ ಈ ವಿನಯವನ್ನು ವಿವರಿಸಿದವರು ಕ್ಷೌರಿಕ ಕುಲದಲ್ಲಿ ಹುಟ್ಟಿದ ಉಪಾಲಿ ಎಂಬುದನ್ನು ನಾವು ಮರೆಯಬಾರದು.

1942ರ ಜುಲೈ 20ರಂದು ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಸ್ವಚ್ಛವಾಗಿರಿ ಎಂದರು. ಅದೇ ಭಾಷಣದಲ್ಲಿ, ಮದುವೆಯಾದವಳು ಗಂಡನಿಗೆ ಗೆಳತಿಯಾಗಿ, ಸಮಾನಳಾಗಿ ನಿಲ್ಲಬೇಕು, ದಾಸಿಯಾಗಬಾರದು ಎಂದೂ ಹೇಳಿದರು. ನಾವು ಮೊದಲನೆಯ ಮಾತನ್ನು ಹೆಣ್ಣುಮಕ್ಕಳಿಗೆ ನೆನಪಿಸುತ್ತೇವೆ. ಎರಡನೆಯದನ್ನು ಗಂಡುಮಕ್ಕಳಿಗೆ ನೆನಪಿಸಬೇಕು.

ಈ ಭಾನುವಾರ ಮನೆಯವರೆಲ್ಲ ಕೂತು ನಾಲ್ಕು ಕೆಲಸ ಮಾಡೋಣ.

1. ಮನೆಯ ಎಲ್ಲ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯೋಣ. ನಳ ಬಂದಾಗ ನೀರು ಹಿಡಿಯುವುದು, ಬಚ್ಚಲು ತಿಕ್ಕುವುದು, ಅಜ್ಜನ ಗುಳಿಗೆ ನೆನಪಿಡುವುದು ಕೂಡ ಅದರಲ್ಲಿ ಬರಲಿ.

2. ಶಕ್ತಿಗೆ ತಕ್ಕಂತೆ ಹೆಸರು ಬರೆಯೋಣ. ಶೌಚಾಲಯ, ಬಚ್ಚಲಿನ ಕೆಲಸ ಮಾತ್ರ ವಾರಕ್ಕೊಬ್ಬರಂತೆ ಸರದಿಯಲ್ಲಿ ಬರಲಿ. ಅದು ಯಾರೊಬ್ಬರ ಕೆಲಸವೂ ಆಗದಿರಲಿ.

3. ಪ್ರತಿಯೊಬ್ಬರ ಬಿಡುವಿನ ಹೊತ್ತನ್ನೂ ಬರೆಯೋಣ. ಹೆಚ್ಚು ದುಡಿಯುವವರ ಬಿಡುವು ಮೊದಲು. ಮಗಳು ಓದುವ ಹೊತ್ತಿನಲ್ಲಿ ಅವಳನ್ನು ಚಹಾ ಮಾಡಲು ಎಬ್ಬಿಸಬಾರದು. ಸಾವಿತ್ರಿಬಾಯಿಯವರ ಫೋಟೊಕ್ಕೆ ಹಾಕಿದ ಹಾರಕ್ಕೆ ಆಗ ಅರ್ಥ ಬರುತ್ತದೆ.

4. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಒಂದೇ ಪೆಟ್ಟಿಗೆಯಲ್ಲಿರಲಿ. ಅದರ ಕೀಲಿ ಎಲ್ಲಿದೆ ಎಂದು ಮನೆಯ ಹೆಣ್ಣುಮಕ್ಕಳಿಗೂ ಗೊತ್ತಿರಲಿ. ಹೆಂಡತಿಗೆ ಮನೆಯ ಅಧಿಕಾರ ಒಪ್ಪಿಸುವುದು ಗಂಡನ ಕರ್ತವ್ಯ ಎಂದು ಅದೇ ಸಿಗಾಲೋವಾದ ಸುತ್ತದಲ್ಲಿದೆ.

ನಮ್ಮ ಮನೆಯಲ್ಲಿ ಈಗ ಸಂಜೆ ಗುಡಿಸುವುದು ನನ್ನ ಮಗ. ಅವ್ವ ನಮ್ಮ ಜೊತೆಗೇ ಇದ್ದಾಳೆ, ಮೊಣಕಾಲು ಹಿಡಿದಿವೆ. ಮೊದಲ ದಿನ ‘ಗಂಡು ಹುಡುಗನ ಕೈಯಾಗ ಕಸಬರಿಗಿ ಚಂದ ಕಾಣಂಗಿಲ್ಲ, ತಾ ಇಲ್ಲಿ’ ಎಂದು ಕೈಚಾಚಿದಳು. ‘ಆಯಿ, ನೀ ಕಾಲು ಮ್ಯಾಲೆ ತಗೋ, ಕೆಳಗ ಕಸ ಐತಿ’ ಎಂದ ಅವನು. ಅವಳು ಕಾಲು ಮೇಲೆತ್ತಿ ಕೂತಳು. ಈಗಲೂ ಅವನಿಂದ ಯಾವ ಮೂಲೆ ಬಿಟ್ಟುಹೋಯಿತು ಎಂದು ಕೂತಲ್ಲಿಂದಲೇ ಹೇಳುತ್ತಾಳೆ. ಗುಡಿಸುವುದಕ್ಕೆ ಏಳುವುದಿಲ್ಲ.

ಕೊನೆಗೆ ಕನ್ನಡ ಟೀಚರ್ ಆಗಿ ಒಂದು ಮಾತು. ‘ಅಚ್ಚುಕಟ್ಟು’ ಎಂದರೆ ಓರಣ. ಕೆರೆ, ಅಣೆಕಟ್ಟಿನ ನೀರು ಪಡೆಯುವ ಜಮೀನಿಗೂ ‘ಅಚ್ಚುಕಟ್ಟು’ ಎಂದೇ ಹೆಸರು. ಕೃಷ್ಣಾ ಕಾಲುವೆಯ ಸೀಮೆಯವರಿಗೆ ಈ ಮಾತು ಚೆನ್ನಾಗಿ ಗೊತ್ತು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಹೋಗದಿದ್ದರೆ ಅಚ್ಚುಕಟ್ಟು ಇರುವುದು ಕಾಗದದ ಮೇಲೆ ಮಾತ್ರ. ಮನೆಯದೂ ಹಾಗೆಯೇ. ಎಲ್ಲರಿಗಿಂತ ಕೊನೆಗೆ ಉಣ್ಣುವವರಿಗೂ ಬಿಡುವು ಸಿಕ್ಕಿದ ದಿನ ಮನೆ ಅಚ್ಚುಕಟ್ಟಾಯಿತು ಎನ್ನೋಣ.

ಇಂದಿನ ಪ್ರಶ್ನೆ: ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ಬಿಡುವಿನ ಹೊತ್ತು ಯಾವುದು?

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್.