ಲಮಲೆರ: ತಿಮಿಂಗಿಲವನ್ನು ಹಂಚಿ ಉಣ್ಣುವ ಹಳ್ಳಿ

ಏಷ್ಯಾ ಖಂಡದ ಭೂಪಟವನ್ನು ಬಿಡಿಸಿ ಇಂಡೋನೇಷ್ಯವನ್ನು ನೋಡಿರಿ. ಜಾವಾದಿಂದ ಪೂರ್ವಕ್ಕೆ ಬಾಲಿ, ಲೊಂಬೊಕ್, ಸುಂಬಾವ, ಫ್ಲೋರೆಸ್ ಎಂಬ ದ್ವೀಪಗಳು ಸರದ ಮಣಿಗಳಂತೆ ಸಾಲಾಗಿ ಹಬ್ಬಿವೆ. ಫ್ಲೋರೆಸಿನಿಂದಾಚೆಗೆ ಈ ಮಣಿಗಳು ಕಿರಿದಾಗುತ್ತವೆ. ಅಲ್ಲಿ ಸೊಲೊರ್, ಅದೊನಾರಾಗಳನ್ನು ದಾಟಿದರೆ ಲೆಂಬಾತ ಎಂಬ ದ್ವೀಪ ದೊರೆಯುವುದು. ಭೂಮಧ್ಯರೇಖೆಯಿಂದ ಸುಮಾರು 8 ಡಿಗ್ರಿ ದಕ್ಷಿಣಕ್ಕಿರುವ ಈ ದ್ವೀಪದ ತೆಂಕಣ ಕರಾವಳಿಯಲ್ಲಿ ಲಮಲೆರ ಎಂಬ ಹಳ್ಳಿಯಿದೆ. ಅಲ್ಲಿರುವವರು ಸುಮಾರು ಎರಡು ಸಾವಿರ ಮಂದಿ ಮಾತ್ರ.

ಇಷ್ಟು ಚಿಕ್ಕ ಹಳ್ಳಿಯ ಹೆಸರು ಮಾನವಶಾಸ್ತ್ರದ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಕಾರಣಗಳು ಎರಡು. ಇಲ್ಲಿಯ ಜನರು ಕೈಯಿಂದ ಇರಿಯುವ ಈಟಿಯೊಂದರಿಂದಲೇ ತಿಮಿಂಗಿಲವನ್ನು ಬೇಟೆಯಾಡುತ್ತಾರೆ ಎಂಬುದು ಮೊದಲನೆಯದು. ಆ ಬೇಟೆಯನ್ನು ಅವರು ಹಂಚಿಕೊಳ್ಳುವ ಕ್ರಮ ಎರಡನೆಯದು. ಮೊದಲನೆಯದು ನೋಡುವವರನ್ನು ಬೆರಗುಗೊಳಿಸುತ್ತದೆ. ಹಳ್ಳಿಯನ್ನು ಉಳಿಸಿಕೊಂಡು ಬಂದಿರುವುದು ಎರಡನೆಯದು. ಹೇಗೆಂಬುದನ್ನು ನಾವೀಗ ನೋಡೋಣ.

ನೆಲ ಮತ್ತು ಕಡಲು

ಲೆಂಬಾತ ಅಗ್ನಿಪರ್ವತಗಳ ದ್ವೀಪ. ಉತ್ತರದ ಲೆವೊತೊಲೊಕ್ ಪರ್ವತವು 2020ರ ನವೆಂಬರಿನಲ್ಲಿ ಸ್ಫೋಟಿಸಿ ಬೂದಿಯನ್ನು ಉಗುಳಿತು. ದಕ್ಷಿಣ ತೀರದಲ್ಲಿ ಇಲಿವೆರುಂಗ್ ಎಂಬ ಇನ್ನೊಂದು ಅಗ್ನಿಪರ್ವತವುಂಟು. 1979ರಲ್ಲಿ ಅದರ ಇಳಿಜಾರು ಕುಸಿದು ಕಡಲಿಗೆ ಬಿದ್ದಾಗ ಎದ್ದ ಭಾರಿ ಅಲೆಗಳು ನೂರಾರು ಜನರ ಪ್ರಾಣವನ್ನು ತೆಗೆದುಕೊಂಡವು. ಲಮಲೆರ ಇರುವುದು ಲಬಾಲೆಕನ್ ಎಂಬ ಬೆಟ್ಟದ ಬುಡದಲ್ಲಿ. ಅಲ್ಲಿಯ ನೆಲ ಕಡಿದಾದುದು, ಕಲ್ಲಿನಿಂದ ಕೂಡಿದುದು. ಮಳೆ ಬರುವುದು ವರ್ಷದಲ್ಲಿ ಕೆಲವೇ ತಿಂಗಳು. ಊರಿನ ಸುತ್ತ ಹೊಲಗಳಿಗೆ ತಕ್ಕ ಜಾಗವಿಲ್ಲ.

ನೆಲ ಕೊಡದುದನ್ನು ಕಡಲು ಕೊಡುತ್ತದೆ. ಈ ತೀರದ ಮುಂದಿರುವ ಸಾವು ಸಮುದ್ರವು ದಡದಿಂದ ಸ್ವಲ್ಪ ದೂರದಲ್ಲಿಯೇ ಬಹಳ ಆಳವಾಗುತ್ತದೆ. ಸಾಮಾನ್ಯವಾಗಿ ನಡುಗಡಲಿನಲ್ಲಿ ಮಾತ್ರ ಕಾಣಿಸುವ ದೊಡ್ಡ ಪ್ರಾಣಿಗಳು ಇಲ್ಲಿ ದಡದಿಂದಲೇ ಕಣ್ಣಿಗೆ ಬೀಳುವುದು ಈ ಕಾರಣದಿಂದ. ಅವುಗಳಲ್ಲಿ ಮುಖ್ಯವಾದುದು ಸ್ಪರ್ಮ್ ತಿಮಿಂಗಿಲ. ಹಲ್ಲುಳ್ಳ ತಿಮಿಂಗಿಲಗಳಲ್ಲಿ ಇದೇ ಅತ್ಯಂತ ದೊಡ್ಡದು. ಗಂಡು ಸುಮಾರು 16 ಮೀಟರ್, ಹೆಣ್ಣು ಸುಮಾರು 11 ಮೀಟರ್ ಉದ್ದ ಬೆಳೆಯುತ್ತದೆ. ಆಳದಲ್ಲಿರುವ ಸ್ಕ್ವಿಡ್‌ಗಳನ್ನು ಹುಡುಕಿ ಇದು ಒಂದು ಸಾವಿರ ಮೀಟರಿಗೂ ಕೆಳಗೆ ಮುಳುಗಬಲ್ಲದು. ಆದರೆ ಇದು ಮೀನಲ್ಲ, ಸಸ್ತನಿ. ಶ್ವಾಸಕೋಶದಿಂದ ಉಸಿರಾಡುವುದರಿಂದ ಮೇಲಕ್ಕೆ ಬರಲೇಬೇಕು. ಮತ್ತೆ ಮುಳುಗುವ ಮೊದಲು ಕೆಲವು ನಿಮಿಷ ನೀರಿನ ಮೇಲೆ ತೇಲುತ್ತ ಉಸಿರು ತುಂಬಿಕೊಳ್ಳಬೇಕು. ಬೇಟೆಗಾರನಿಗೆ ದೊರೆಯುವ ಅವಕಾಶ ಆ ಕೆಲವು ನಿಮಿಷಗಳು ಮಾತ್ರ.

ದೋಣಿ ಮತ್ತು ಬೇಟೆ

ಈ ಪ್ರದೇಶದ ದ್ವೀಪವಾಸಿಗಳು ತಿಮಿಂಗಿಲವನ್ನು ಬೇಟೆಯಾಡುತ್ತಿದ್ದರೆಂದು 1624ರ ಒಂದು ಪೋರ್ಚುಗೀಸ್ ಬರಹದಲ್ಲಿ ಉಲ್ಲೇಖವಿದೆ. ಆದುದರಿಂದ ಈ ಕಸುಬು ನಾಲ್ಕು ಶತಮಾನಗಳಿಗಿಂತ ಈಚಿನದಲ್ಲ.

ಲಮಲೆರದ ಸಾಂಪ್ರದಾಯಿಕ ದೋಣಿಗೆ ‘ತೆನ’ ಎಂದು ಹೆಸರು. ಇದರ ಹಲಗೆಗಳನ್ನು ಮರದ ಬೆಣೆಗಳಿಂದ ಜೋಡಿಸಿ ಹಗ್ಗದಿಂದ ಬಿಗಿಯುತ್ತಾರೆ. ಕಬ್ಬಿಣದ ಮೊಳೆಯನ್ನು ಬಳಸುವುದಿಲ್ಲ. ತಾಳೆಯ ಜಾತಿಯ ಮರದ ಎಲೆಗಳನ್ನು ಹೆಣೆದು ಹಾಯಿಯನ್ನು ಮಾಡುತ್ತಾರೆ. ದೋಣಿಯ ಮೂತಿಯಿಂದ ಮುಂದಕ್ಕೆ ಬಿದಿರಿನ ಒಂದು ಅಟ್ಟಣೆ ಚಾಚಿರುತ್ತದೆ. ಹಾರ್ಪೂನ್ ಎಂದು ಕರೆಯುವ ಕೊಕ್ಕೆಯ ಈಟಿಯನ್ನು ಹಿಡಿದು ಅದರ ತುದಿಯಲ್ಲಿ ನಿಲ್ಲುವವನೇ ‘ಲಮಫ’. ದೋಣಿಯು ತಿಮಿಂಗಿಲದ ಹತ್ತಿರಕ್ಕೆ ಬಂದೊಡನೆ ಅವನು ಈಟಿಯೊಡನೆ ತಾನೂ ಹಾರುತ್ತಾನೆ. ಇದರಲ್ಲಿ ಭೌತಶಾಸ್ತ್ರದ ಒಂದು ತತ್ತ್ವವಿದೆ. ತೋಳಿನ ಬಲವೊಂದರಿಂದಲೇ ಈಟಿಯು ದಪ್ಪವಾದ ಕೊಬ್ಬಿನ ಪದರವನ್ನು ಭೇದಿಸಲಾರದು. ಜಿಗಿಯುವವನ ಇಡೀ ಮೈಯ ಭಾರ ಅದರ ಹಿಂದೆ ಸೇರಿದಾಗ ಭೇದಿಸುತ್ತದೆ.

ಬೇಟೆಯ ಕಾಲ ಮೇ ತಿಂಗಳಿನಲ್ಲಿ ಆರಂಭವಾಗುತ್ತದೆ. ಊರಿನವರು ಕ್ಯಾಥೋಲಿಕ್ ಕ್ರೈಸ್ತರಾದುದರಿಂದ ಕಡಲತೀರದಲ್ಲಿ ಪೂಜೆ ಸಲ್ಲಿಸಿಯೇ ದೋಣಿಗಳನ್ನು ನೀರಿಗಿಳಿಸುತ್ತಾರೆ. ಉಳಿದ ತಿಂಗಳುಗಳಲ್ಲಿಯೂ ದಡದಿಂದ ತಿಮಿಂಗಿಲದ ಉಸಿರಿನ ಕಾರಂಜಿ ಕಂಡರೆ ‘ಬಲೆಯೊ’ ಎಂಬ ಕೂಗು ಬಾಯಿಂದ ಬಾಯಿಗೆ ಹರಡಿ ಗಂಡಸರೆಲ್ಲ ದೋಣಿಗಳತ್ತ ಓಡುತ್ತಾರೆ. ನೀಲಿ ತಿಮಿಂಗಿಲದಂತಹ ಹಲ್ಲಿಲ್ಲದ ಜಾತಿಗಳನ್ನು ಮಾತ್ರ ಅವರು ಮುಟ್ಟುವುದಿಲ್ಲ. ಅವು ತಮ್ಮ ಪೂರ್ವಿಕರಿಗೆ ಉಪಕಾರ ಮಾಡಿದವೆಂದು ಅವರ ಐತಿಹ್ಯ ಹೇಳುತ್ತದೆ.

ಬೇಟೆಯಲ್ಲಿ ಅಪಾಯವು ಕಡಿಮೆಯಲ್ಲ. ಬಾಲದ ಒಂದೇ ಹೊಡೆತಕ್ಕೆ ದೋಣಿ ಒಡೆಯಬಹುದು. ಗಾಯಗೊಂಡ ಪ್ರಾಣಿಯು ದೋಣಿಯನ್ನು ದಡ ಕಾಣದಷ್ಟು ದೂರ ಎಳೆದೊಯ್ಯಬಹುದು. ಕೆಲವು ವರ್ಷ ಅನೇಕ ತಿಮಿಂಗಿಲಗಳು ದೊರೆತರೆ ಕೆಲವು ವರ್ಷ ಬೆರಳೆಣಿಕೆಯಷ್ಟು ಮಾತ್ರ. ಒಬ್ಬನೇ ಗಾಳ ಹಿಡಿದು ಕುಳಿತರೆ ಅಂದಂದಿನ ಊಟಕ್ಕೆ ಮೀನಾದರೂ ಸಿಕ್ಕೀತು. ಹೀಗಿರುವಾಗ ಹತ್ತಾರು ಮಂದಿ ತಮ್ಮ ಗಾಳಗಳನ್ನು ಬಿಟ್ಟು ಒಂದೇ ದೋಣಿಯನ್ನು ಏರುವುದು ಏತಕ್ಕಾಗಿ?

ಫ್ರೆಂಚ್ ಚಿಂತಕ ರೂಸೋ 1755ರಲ್ಲಿ ಇಂತಹುದೇ ಸಮಸ್ಯೆಯನ್ನು ಮುಂದಿಟ್ಟಿದ್ದನು. ಕೆಲವರು ಕೂಡಿ ಜಿಂಕೆಯೊಂದನ್ನು ಹಿಡಿಯಲು ಹೊಂಚು ಹಾಕಿದ್ದಾರೆ. ಅಷ್ಟರಲ್ಲಿ ಒಬ್ಬನ ಮುಂದೆ ಮೊಲವೊಂದು ಹಾದುಹೋದರೆ ಅವನು ತನ್ನ ಜಾಗವನ್ನು ಬಿಟ್ಟು ಅದರ ಹಿಂದೆ ಓಡುವುದಿಲ್ಲವೇ? ಓಡಿದರೆ ಉಳಿದವರೆಲ್ಲರಿಗೂ ಜಿಂಕೆ ತಪ್ಪಿತು. ಮಾನವಶಾಸ್ತ್ರಜ್ಞರಾದ ಮೈಕೇಲ್ ಅಲ್ವಾರ್ಡ್ ಮತ್ತು ಡೇವಿಡ್ ನೋಲಿನ್ ಎಂಬವರು ಲಮಲೆರದ ಬೇಟೆಯ ಲೆಕ್ಕಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ತಲಾ ಸರಾಸರಿಯನ್ನು ನೋಡಿದರೆ, ಒಬ್ಬಂಟಿಯಾಗಿ ಮೀನು ಹಿಡಿಯುವುದಕ್ಕಿಂತ ಕೂಡಿ ಬೇಟೆಯಾಡುವುದೇ ಹೆಚ್ಚು ಲಾಭದಾಯಕವೆಂದು ಅವರು ತೋರಿಸಿದರು. ಆದರೆ ಇಲ್ಲಿ ಒಂದು ಷರತ್ತಿದೆ: ತನ್ನ ಪಾಲು ತನಗೆ ಬಂದೇ ಬರುವುದೆಂಬ ನಂಬಿಕೆ ಪ್ರತಿಯೊಬ್ಬನಿಗೂ ಇರಬೇಕು.

ಪಾಲಿನ ಲೆಕ್ಕ

ಆ ನಂಬಿಕೆಯನ್ನು ಕಾಪಾಡುವುದು ಹಂಚಿಕೆಯ ನಿಯಮ. ದೋಣಿಯು ಒಬ್ಬನ ಸ್ವತ್ತಲ್ಲ. ತಂದೆಯ ಕಡೆಯಿಂದ ಬರುವ ಕುಲವೊಂದಕ್ಕೆ ಸೇರಿದುದು. ತಿಮಿಂಗಿಲವನ್ನು ದಡಕ್ಕೆ ತಂದ ಮೇಲೆ ಅದರ ಮೈಯನ್ನು ಮನಬಂದಂತೆ ಕತ್ತರಿಸುವಂತಿಲ್ಲ. ಯಾವ ಭಾಗ ಯಾರಿಗೆಂಬುದು ತಲೆಮಾರುಗಳಿಂದ ಗೊತ್ತಾಗಿದೆ. ಈಟಿ ಎಸೆದವನಿಗೆ, ಹುಟ್ಟು ಹಾಕಿದವರಿಗೆ, ದೋಣಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡ ಕುಲದವರಿಗೆ ಪಾಲುಂಟು. ದೋಣಿ ಕಟ್ಟಿದ ಬಡಗಿಗೆ, ಈಟಿಯ ಅಲಗನ್ನು ಬಡಿದ ಕಮ್ಮಾರನಿಗೆ, ಹಾಯಿ ಹೆಣೆದವನಿಗೂ ಉಂಟು. ಊರಿಗೆ ಮೊದಲು ಬಂದು ನೆಲದ ಒಡೆಯರೆನಿಸಿದ ಕುಲಗಳಿಗೂ ಅವರದೇ ಭಾಗವಿದೆ. ಅಂದು ಕಡಲಿಗೆ ಹೋಗದವರೂ ತಮ್ಮ ಕೆಲಸದಿಂದ ಬೇಟೆಯಲ್ಲಿ ಸೇರಿದವರೇ ಎಂಬುದು ಇದರ ಭಾವ. ಹೀಗೆ ಪಡೆದುದನ್ನು ಮನೆಯವರು ಮತ್ತೆ ಬಂಧುಗಳೊಡನೆಯೂ ನೆರೆಹೊರೆಯವರೊಡನೆಯೂ ಹಂಚಿಕೊಳ್ಳುತ್ತಾರೆ.

ಮಾಂಸವು ಜೋಳವಾಗುವ ಬಗೆ

ಮಾಂಸದಿಂದ ಪ್ರೋಟೀನು ದೊರೆಯಿತು, ಕೊಬ್ಬು ದೊರೆಯಿತು, ಪಿಷ್ಟವೆಲ್ಲಿ? ಇಲ್ಲಿಂದ ಮುಂದಿನ ಕೆಲಸ ಹೆಂಗಸರದು. ಮಾಂಸವನ್ನು ಉದ್ದನೆಯ ಪಟ್ಟಿಗಳಾಗಿ ಸೀಳಿ ಬಿದಿರಿನ ಗಳುಗಳ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಒಣಗಿದ ಮಾಂಸವನ್ನೂ ಮೀನನ್ನೂ ಉಪ್ಪನ್ನೂ ತಲೆಯ ಮೇಲೆ ಹೊತ್ತು ಬೆಟ್ಟದ ಮೇಲಿನ ಒಕ್ಕಲಿಗರ ಹಳ್ಳಿಗಳಿಗೆ ನಡೆದು ಹೋಗುತ್ತಾರೆ. ಹತ್ತಿರದ ವುಲಂದೊನಿಯಲ್ಲಿ ನಡೆಯುವ ವಾರದ ಸಂತೆಗೂ ಹೋಗುತ್ತಾರೆ. ಅಲ್ಲಿ ಮಾಂಸವನ್ನು ಕೊಟ್ಟು ಮೆಕ್ಕೆಜೋಳ, ಮರಗೆಣಸು, ಬಾಳೆಹಣ್ಣುಗಳನ್ನು ಪಡೆಯುತ್ತಾರೆ. ಈ ವಿನಿಮಯಕ್ಕೆ ಅವರದೇ ಅಳತೆಗಳುಂಟು: ಆರರ ಗುಂಪಿಗೆ ‘ಮುಂಗ’ ಎನ್ನುತ್ತಾರೆ. ಸಾಂಪ್ರದಾಯಿಕ ದರದಲ್ಲಿ ಒಂದು ಪಟ್ಟಿ ಮಾಂಸಕ್ಕೆ ಎರಡು ಮುಂಗ, ಎಂದರೆ ಹನ್ನೆರಡು ತೆನೆ ಜೋಳ. ಲಮಫನ ಜಿಗಿತವನ್ನು ಹೊರಗಿನವರು ಚಿತ್ರ ತೆಗೆಯುತ್ತಾರೆ. ಮನೆಯ ಒಲೆಯ ಮೇಲೆ ಜೋಳ ಬೇಯುವುದಾದರೋ ಈ ಹೆಂಗಸರ ನಡಿಗೆಯಿಂದ.

ಒಂದು ಪ್ರಯೋಗ

ಹೀಗೆ ಹಂಚಿ ಬದುಕುವವರ ಮನಸ್ಸು ಹೇಗಿರುತ್ತದೆ? ಇದನ್ನು ಅಳೆಯಲು ಒಂದು ಆಟವಿದೆ. ಇಬ್ಬರಲ್ಲಿ ಒಬ್ಬನಿಗೆ ಒಂದು ಮೊತ್ತವನ್ನು ಕೊಡುತ್ತಾರೆ. ಅವನು ಅದರಲ್ಲಿ ತನಗೆ ತೋರಿದಷ್ಟನ್ನು ಇನ್ನೊಬ್ಬನಿಗೆ ನೀಡುವೆನೆನ್ನಬೇಕು. ಎರಡನೆಯವನು ಒಪ್ಪಿದರೆ ಇಬ್ಬರಿಗೂ ಅವರವರ ಭಾಗ. ನಿರಾಕರಿಸಿದರೆ ಇಬ್ಬರಿಗೂ ಏನೂ ಇಲ್ಲ. ಹದಿನೈದು ಚಿಕ್ಕ ಸಮಾಜಗಳಲ್ಲಿ ಇಂತಹ ಪ್ರಯೋಗಗಳು ನಡೆದು ಫಲಿತಾಂಶಗಳು 2001ರಲ್ಲಿ ಪ್ರಕಟವಾದವು. ಹಣವಿಟ್ಟರೆ ಜೂಜಿನಂತೆ ಕಂಡೀತೆಂದು ಲಮಲೆರದಲ್ಲಿ ಅಲ್ವಾರ್ಡರು ಸಿಗರೇಟಿನ ಪೊಟ್ಟಣಗಳನ್ನು ಬಳಸಿದರು. ಪೆರು ದೇಶದ ಮಾಚಿಗೆಂಗ ಜನರು ಸರಾಸರಿ ಶೇಕಡಾ 26ರಷ್ಟನ್ನು ನೀಡಲು ಮುಂದಾಗಿದ್ದರು. ಅವರಲ್ಲಿ ಪ್ರತಿ ಕುಟುಂಬವೂ ಬಹುಮಟ್ಟಿಗೆ ತನ್ನ ದುಡಿಮೆಯಿಂದಲೇ ಬದುಕುತ್ತದೆ. ಲಮಲೆರದವರ ಸರಾಸರಿ ಶೇಕಡಾ 58! ಹೆಚ್ಚಿನವರು ಸರಿಯರ್ಧವನ್ನು ಕೊಟ್ಟರು; ಕೆಲವರು ಅದಕ್ಕಿಂತಲೂ ಹೆಚ್ಚು. ಇದರಿಂದ ಲಮಲೆರದವರು ಹುಟ್ಟಿನಿಂದಲೇ ಉದಾರಿಗಳೆಂದು ತಿಳಿಯಬಾರದು. ದಿನನಿತ್ಯದ ಕಸುಬಿನಲ್ಲಿ ಪರಸ್ಪರ ಸಹಕಾರ ಎಷ್ಟು ಅಗತ್ಯವೋ, ನ್ಯಾಯವಾದ ಹಂಚಿಕೆಯ ಅಭ್ಯಾಸವೂ ಅಷ್ಟು ಬಲವಾಗಿರುವುದೆಂದು ಸಂಶೋಧಕರು ಊಹಿಸಿದರು.

ಇಂದಿನ ಪ್ರಶ್ನೆ

ಹಳ್ಳಿಯು ನಿಂತಲ್ಲೇ ನಿಂತಿಲ್ಲ. ‘ಜಾನ್ಸನ್’ ಎಂದು ಅವರು ಕರೆಯುವ ಯಂತ್ರದ ದೋಣಿಗಳು ಬಂದಿವೆ; ತೇಲುವ ಬಲೆಗಳು ಬಂದಿವೆ. ಬಲೆಗೆ ಹತ್ತಾರು ಜನರ ನೆರವು ಬೇಡ. ನಗದು ಹಣ ಬಂದಿದೆ; ಓದಿದ ಮಕ್ಕಳು ಪಟ್ಟಣಗಳಿಗೆ ಹೋಗುತ್ತಿದ್ದಾರೆ. ಒಬ್ಬೊಬ್ಬನೂ ತನ್ನ ಪಾಡಿಗೆ ದುಡಿಯಬಹುದಾದಾಗ ಹಳೆಯ ಪಾಲಿನ ಲೆಕ್ಕ ಉಳಿದೀತೇ?

ತಿಮಿಂಗಿಲದ ಕಡೆಯಿಂದಲೂ ಒಂದು ಪ್ರಶ್ನೆಯಿದೆ. ಇಪ್ಪತ್ತನೆಯ ಶತಮಾನದ ಯಂತ್ರನೌಕೆಗಳು ಸ್ಪರ್ಮ್ ತಿಮಿಂಗಿಲಗಳನ್ನು ಲಕ್ಷಗಟ್ಟಲೆ ಕೊಂದವು. ಹೆಣ್ಣು ತಿಮಿಂಗಿಲವು ಹಲವು ವರ್ಷಗಳಿಗೊಮ್ಮೆ ಒಂದೇ ಮರಿ ಹಾಕುವುದರಿಂದ ಆ ನಷ್ಟ ಬೇಗನೆ ತುಂಬುವಂತಹುದಲ್ಲ. ಈ ಪ್ರಾಣಿ ಇಂದು ಅಪಾಯಕ್ಕೊಳಗಾಗಬಲ್ಲ ಜಾತಿಗಳ ಪಟ್ಟಿಯಲ್ಲಿದೆ. ಆ ಸಂಹಾರಕ್ಕೆ ಲಮಲೆರದ ಹಾಯಿದೋಣಿಗಳು ಹೊಣೆಯಲ್ಲ. ಆದರೂ ಉಳಿದಿರುವ ತಿಮಿಂಗಿಲಗಳನ್ನು ಕಾಯಬೇಕೆಂಬುದು ಸುಳ್ಳಲ್ಲ. ಕಾಯಬೇಕೆನ್ನುವವರು, ಆ ಮಾಂಸವನ್ನು ಬಿಟ್ಟರೆ ಹನ್ನೆರಡು ತೆನೆ ಜೋಳ ಎಲ್ಲಿಂದ ಬರಬೇಕೆಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ವಿದ್ಯಾರ್ಥಿಗಳು ಮೇಲೆ ಹೇಳಿದ ಆಟವನ್ನು ಹತ್ತು ಹುಣಸೆಬೀಜಗಳನ್ನಿಟ್ಟು ತಮ್ಮ ತರಗತಿಯಲ್ಲಿ ಆಡಿ ನೋಡಬಹುದು. ಮೊದಲು ಅಪರಿಚಿತರಂತೆ ಆಡಿರಿ. ಆಮೇಲೆ ಇಬ್ಬರೂ ಕೂಡಿ ಒಂದು ಕೆಲಸವನ್ನು ಮಾಡಿ ಮುಗಿಸಿ ಮತ್ತೆ ಆಡಿರಿ. ಎರಡು ಸಲದ ಸರಾಸರಿಗಳನ್ನು ಹೋಲಿಸಿ, ವ್ಯತ್ಯಾಸ ಕಂಡರೆ ಅದರ ಕಾರಣವನ್ನು ನೀವೇ ವಿಚಾರ ಮಾಡಿರಿ.