ಅಮಾವಾಸ್ಯೆಗೊಂದು ಗುರಿ, ಹುಣ್ಣಿಮೆಗೊಂದು ಲೆಕ್ಕ

ತಂಗಿ, ತಮ್ಮಾ, ಮದುವೆಯಾಗಿ ನಾಲ್ಕಾರು ವರ್ಷ ಕಳೆದು, ಮನೆಯಲ್ಲಿ ಒಂದೋ ಎರಡೋ ಸಣ್ಣ ಮಕ್ಕಳಿರುವ ನಿಮ್ಮಂಥವರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ವರ್ಷದ ಗುರಿ ಇಟ್ಟುಕೊಂಡು ಸೋಲಬೇಡಿ. ತಿಂಗಳಿಗೆ ಒಂದು ಗುರಿ ಇಟ್ಟುಕೊಳ್ಳಿ. ಆ ತಿಂಗಳನ್ನು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸಿ, ಆ ಗುರಿಯನ್ನು ನಡುವೆ ಬರುವ ಹಬ್ಬಕ್ಕೆ ಗಂಟುಹಾಕಿ. ಇದನ್ನು ಶುರು ಮಾಡುವುದಕ್ಕೆ ನವರಾತ್ರಿಗೆ ಮುಂಚೆ ಬರುವ ಮಾನಾಮಿ ಅಮಾವಾಸ್ಯೆಗಿಂತ ಒಳ್ಳೆಯ ದಿನ ನನಗೆ ಕಾಣದು.

ಅಮಾವಾಸ್ಯೆಯೇ ಯಾಕೆ? ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನ ನಮ್ಮ ತಿಕೋಂಡಿ ಕಡೆ ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವು ಸಿಕ್ಕರೆ ರೈತನಿಗೂ ಬಿಡುವು. ಮನೆಮಂದಿಯೆಲ್ಲ ಒಂದೇ ಸೂರಿನಡಿ ಸಿಗುವ ದಿನ ಅದು. ಹದಿನೈದು ದಿನಕ್ಕೆ ಹುಣ್ಣಿಮೆ ಬರುತ್ತದೆ, ಅಂದು ಅರ್ಧ ದಾರಿಯ ಲೆಕ್ಕ ನೋಡಬಹುದು. ಇನ್ನೂ ಓದಲು ಬಾರದ ಮಗುವಿಗೆ ಗೋಡೆಯ ಮೇಲಿನ ತಾರೀಖು ತಿಳಿಯುವುದಿಲ್ಲ, ಆದರೆ ಚಂದಪ್ಪ ತಿಳಿಯುತ್ತಾನೆ. ‘ಚಂದಪ್ಪ ಪೂರ್ತಿ ದುಂಡಗಾಗುವ ಹೊತ್ತಿಗೆ ಇದನ್ನು ಮಾಡಿ ಮುಗಿಸೋಣ’ ಎಂದು ಹೇಳಿ ನೋಡಿ, ಮಗು ದಿನಾ ಸಂಜೆ ಅಂಗಳಕ್ಕೆ ಓಡಿಹೋಗಿ ನೋಡಿ ಬರುತ್ತದೆ.

ಶರದೃತು ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಾನಾಮಿ ಅಮಾವಾಸ್ಯೆಯಿಂದ ದೀವಳಿಗೆ ಅಮಾವಾಸ್ಯೆಯವರೆಗೆ ಆಶ್ವಯುಜ. ಅಲ್ಲಿಂದ ಛಟ್ಟಿ ಅಮಾವಾಸ್ಯೆಯವರೆಗೆ ಕಾರ್ತೀಕ. ಮೊದಲನೆಯದರ ನಡುವೆ ಶೀಗಿ ಹುಣ್ಣಿಮೆ, ಎರಡನೆಯದರ ನಡುವೆ ಗೌರಿ ಹುಣ್ಣಿಮೆ. ಎರಡು ತಿಂಗಳು, ಎರಡು ಗುರಿ. ಅದಕ್ಕಿಂತ ಹೆಚ್ಚು ಬೇಡ.

ಮೊದಲ ತಿಂಗಳ ಗುರಿ ಮಣ್ಣಿಗೆ ಸೇರಿದ್ದಾಗಿರಲಿ. ಜತ್ತ ತಾಲ್ಲೂಕು ಮಳೆಯ ನೆರಳಿನ ಸೀಮೆ. ಮುಂಗಾರು ನಮ್ಮನ್ನು ಎಷ್ಟೋ ಸಲ ಕೈಬಿಡುತ್ತದೆ. ಉತ್ತರಿ, ಹಸ್ತ, ಚಿತ್ತಿ ಮಳೆಗಳನ್ನು ನಂಬಿ ಹಿಂಗಾರಿ ಜೋಳ ಬಿತ್ತುವವರು ನಾವು. ನವರಾತ್ರಿಯ ಘಟ ಕೂಡಿಸುವುದೂ ಅದೇ ದಿನಗಳಲ್ಲಿ. ಹೊಲದ ಮಣ್ಣು ತಂದು, ಪತ್ರಾವಳಿಯ ಮೇಲೆ ಹರಡಿ, ಜೋಳ, ಗೋಧಿ, ಕಡಲೆ ಹೀಗೆ ಮನೆಯ ಕಾಳುಗಳನ್ನು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಘಟ ಇಡುತ್ತೇವೆ. ಒಂಬತ್ತು ದಿನ ಅದಕ್ಕೆ ನೀರು ಚಿಮುಕಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ. ಹೆಚ್ಚು ನೀರು ಹಾಕಿದರೆ ಕಾಳು ಕೊಳೆಯುತ್ತದೆ, ಒಂದು ದಿನ ಮರೆತರೆ ಮಣ್ಣು ಬಿರಿಯುತ್ತದೆ. ಮೂರು ನಾಲ್ಕು ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ. ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಏನಾಗುತ್ತದೆ ಎಂಬುದನ್ನು ಯಾರೂ ಉಪದೇಶ ಮಾಡದೆಯೇ ಮಗು ಕಣ್ಣಾರೆ ಕಂಡು ಕಲಿಯುತ್ತದೆ. ದೊಡ್ಡವರಿಗೂ ಅದರಲ್ಲಿ ಕೆಲಸದ ಮಾತಿದೆ: ಮನೆಯಲ್ಲಿ ತೆಗೆದಿಟ್ಟ ಬೀಜ ಹೇಗೆ ಮೊಳೆಯುತ್ತದೆ ಎಂದು ಘಟವೇ ತೋರಿಸಿಕೊಡುತ್ತದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಮೂರನೇ ಮಾಳಿಗೆಯಲ್ಲಿ ಇರುವವರು ಊರಿನಿಂದ ಒಂದು ಬೊಗಸೆ ಮಣ್ಣು ತರಿಸಿಕೊಂಡರೆ ಸಾಕು.

ದಸರೆಯ ದಿನ ಆ ಸಸಿಗಳನ್ನು ಮಗನ ಟೋಪಿಗೂ ಮಗಳ ಜಡೆಗೂ ಸಿಕ್ಕಿಸಿ ಬನ್ನಿ ಹಂಚಲು ಕಳಿಸಿ. ಇಲ್ಲೊಂದು ಮಾತು ಹೇಳಬೇಕು. ಬನ್ನಿಯೂ, ಮರಾಠಿ ಮಂದಿ ಬಂಗಾರವೆಂದು ಹಂಚುವ ಆಪಟಾ ಗಿಡವೂ ವರ್ಷಕ್ಕೊಮ್ಮೆ ನಮ್ಮ ಕೈಯಿಂದ ಬಹಳ ಪೆಟ್ಟು ತಿನ್ನುತ್ತವೆ. ಟೊಂಗೆಗೆ ಟೊಂಗೆಯೇ ಮುರಿದು ತಂದು ಮರುದಿನ ತಿಪ್ಪೆಗೆ ಎಸೆಯುತ್ತಾರೆ. ನೀವು ಹಾಗೆ ಮಾಡಬೇಡಿ. ಒಬ್ಬ ಹಿರಿಯರಿಗೆ ಒಂದು ಎಸಳು ಸಾಕು. ಬದಲಿಗೆ ಮಕ್ಕಳಿಗೆ ಬೇರೆ ಗುರಿ ಕೊಡಿ: ಓಣಿಯಲ್ಲಿ ಒಂಟಿಯಾಗಿರುವ ಅಜ್ಜ ಅಜ್ಜಿಯರ ಮನೆಗೆ ಮೊದಲು ಹೋಗಬೇಕು, ಕಾಲು ಮುಟ್ಟಿ ನಮಸ್ಕರಿಸಬೇಕು, ಅವರ ಹೆಸರು ಕೇಳಿ ನೆನಪಿಡಬೇಕು. ಬನ್ನಿ ಕೊಟ್ಟು ಬಂಗಾರದಂತೆ ಬಾಳೋಣ ಎನ್ನುವ ಹಾರೈಕೆ ಆಗ ಬಾಯಿಮಾತಾಗಿ ಉಳಿಯುವುದಿಲ್ಲ.

ಮುಂದಿನದು ಶೀಗಿ ಹುಣ್ಣಿಮೆ. ಗಡಿಯಲ್ಲಿ ಬದುಕುವ ನಮಗೆ ಈ ದಿನ ಎರಡು ಪಾಲು ಸುಖ. ನಿಂತ ಪೈರು ಬಸುರಿ ಹೆಣ್ಣಿದ್ದಂತೆ ಎಂದು ನಂಬಿ ಕನ್ನಡದ ಮಂದಿ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಎಡೆ ಕೊಟ್ಟು ಚರಗ ಚೆಲ್ಲುತ್ತಾರೆ. ಅದೇ ರಾತ್ರಿ ಮರಾಠಿ ಮಂದಿ ಕೋಜಾಗಿರಿ ಎಂದು ಕರೆದು, ಏಲಕ್ಕಿ ಕೇಸರಿ ಹಾಕಿ ಕುದಿಸಿದ ಹಾಲನ್ನು ಬೆಳದಿಂಗಳಲ್ಲಿಟ್ಟು ಕುಡಿಯುತ್ತಾರೆ. ಎರಡನ್ನೂ ಮಾಡಿ. ಹಗಲು ಸಜ್ಜಿ ರೊಟ್ಟಿ, ಪುಂಡಿಪಲ್ಯ, ಬದನೆ ಎಣಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ. ಸ್ವಂತ ಹೊಲ ಇಲ್ಲದವರು ನೆಂಟರ ಹೊಲಕ್ಕೆ ಹೋಗಿ, ಯಾರೂ ಬೇಡ ಎನ್ನುವುದಿಲ್ಲ. ರಾತ್ರಿ ಮಾಳಿಗೆಯ ಮೇಲೆ ಹಾಲಿನ ಲೋಟ ಹಿಡಿದು ಗಂಡ ಹೆಂಡತಿ ತಿಂಗಳ ಲೆಕ್ಕ ನೋಡಿ. ಏನು ಮುಗಿಯಿತು, ಏನು ಉಳಿಯಿತು, ಉಳಿದದ್ದರಲ್ಲಿ ಯಾವುದನ್ನು ಬಿಡಬಹುದು? ಮೂರನೆಯ ಪ್ರಶ್ನೆಯೇ ಮುಖ್ಯ. ಅದನ್ನು ಕೇಳಿಕೊಳ್ಳದೆ ಇದ್ದರೆ ತಿಂಗಳ ಕೊನೆಗೆ ಬೈದಾಟ ತಪ್ಪದು.

ಈಗ ಹಣದ ಮಾತು. ಸಂಬಳ ಬರುವುದು ತಾರೀಖಿನ ಮೇಲೆ, ಹಬ್ಬ ಬರುವುದು ತಿಥಿಯ ಮೇಲೆ. ಚಾಂದ್ರ ವರ್ಷ ಸುಮಾರು 11 ದಿನ ಗಿಡ್ಡ, ಅದನ್ನು ಸರಿದೂಗಿಸಲು ಮೂರು ವರ್ಷದೊಳಗೊಮ್ಮೆ ಅಧಿಕಮಾಸ ಬರುತ್ತದೆ. 2025ರಲ್ಲಿ ದಸರೆ ಅಕ್ಟೋಬರ್ 2ಕ್ಕೇ ಬಂತು, ಬಲಿಪಾಡ್ಯ ಅಕ್ಟೋಬರ್ 22ಕ್ಕೆ. ಅಂದರೆ ಎರಡು ಹಬ್ಬದ ಖರ್ಚೂ ಒಂದೇ ತಿಂಗಳ ಸಂಬಳದ ಮೇಲೆ ಬಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ದಸರೆ ಅಕ್ಟೋಬರ್ 20ಕ್ಕೆ, ಬಲಿಪಾಡ್ಯ ನವೆಂಬರ್ 10ಕ್ಕೆ. ಖರ್ಚು ಎರಡು ತಿಂಗಳಿಗೆ ಹಂಚಿಹೋಗುತ್ತದೆ. ಆದ್ದರಿಂದ ಕಾಲನಿರ್ಣಯ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿದ ದಿನವೇ ದಸರೆ, ದೀವಳಿಗೆ ಯಾವ ಸಂಬಳಕ್ಕೆ ಬೀಳುತ್ತವೆ ಎಂದು ನೋಡಿ ಗುರುತು ಹಾಕಿಡಿ. ಬಚತ್ ಗಟದ (ಉಳಿತಾಯ ಗುಂಪಿನ) ಕಂತು, ಭಿಶಿಯ (ಚೀಟಿಯ) ಪಾಳಿ ಯಾವಾಗ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಭಿಶಿ ಎತ್ತಿದ ಹಣ ಹಬ್ಬದ ಬಟ್ಟೆಗೆ ಹೋಗುವುದಾದರೆ, ಶಾಲೆಯ ಖರ್ಚಿಗೆ ಯಾವುದು ಎಂದು ಅಂದೇ ತೀರ್ಮಾನವಾಗಲಿ.

ತೋಟ ಇರುವವರಿಗೆ ಈ ಹಣದ ಲೆಕ್ಕ ಇನ್ನೂ ಬಿಗಿ. ದ್ರಾಕ್ಷಿಯ ಅಕ್ಟೋಬರ್ ಛಾಟಣಿ (ಬಳ್ಳಿ ಸವರುವುದು), ಆಮೇಲೆ ಔಷಧ ಹೊಡೆಯುವುದು, ಆಳಿನ ಕೂಲಿ, ಹೀಗೆ ಕೈಯಿಂದ ಹಣ ಹೋಗುವ ಕಾಲ ಇದು. ಹಣ್ಣಿನ ದುಡ್ಡು, ಬೇದಾಣೆಯ (ಒಣದ್ರಾಕ್ಷಿಯ) ದುಡ್ಡು ಕಾಣುವುದು ಬೇಸಿಗೆಯ ಕಡೆಗೆ. ಬರಲಿರುವ ದುಡ್ಡನ್ನು ನೆನೆದು ಈಗಿನ ಹಬ್ಬಕ್ಕೆ ಉದ್ರಿ ಬರೆಸಬೇಡಿ. ಈ ಎರಡು ತಿಂಗಳು ದುಡ್ಡು ಬೇಡುವ ಗುರಿಗಿಂತ ಹೊತ್ತು ಬೇಡುವ ಗುರಿ ಇಟ್ಟುಕೊಂಡರೆ ಮೇಲು.

ಕಬ್ಬು ಕಡಿಯಲು ಹೋಗುವ ಗಂಡ ಹೆಂಡತಿಗೆ ನನ್ನ ಮಾತು ಬೇರೆ. ದಸರೆ ಮುಗಿಯುತ್ತಲೇ ನಮ್ಮ ತಾಲ್ಲೂಕಿನಿಂದ ಟೋಳಿಗಳು ಹೊರಡುತ್ತವೆ. ಆಳು ಒದಗಿಸುವ ಮುಕಾದಮ ಮುಂಚೆಯೇ ಕೊಟ್ಟ ಉಚಲ್, ಅಂದರೆ ಮುಂಗಡ, ಕೈಯಲ್ಲಿರುತ್ತದೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂದು ಲೆಕ್ಕ. ತಮ್ಮಾ, ಉಚಲ್ ಎನ್ನುವುದು ಗಳಿಕೆ ಅಲ್ಲ, ಮುಂದಿನ ಐದಾರು ತಿಂಗಳ ನಿಮ್ಮಿಬ್ಬರ ಬೆನ್ನಿನ ಮೇಲಿನ ಸಾಲ. ಅದನ್ನು ದಸರೆಯ ಸೀರೆಗೆ, ಮೊಬೈಲಿಗೆ ಮುರಿಯಬೇಡಿ. ಹೊರಡುವ ಮುಂಚಿನ ಆ ಒಂದು ತಿಂಗಳ ಗುರಿ ಮಕ್ಕಳ ವ್ಯವಸ್ಥೆಯೇ ಆಗಿರಲಿ: ಯಾರ ಹತ್ತಿರ ಇರುತ್ತಾರೆ, ಕನ್ನಡ ಶಾಲೆಯ ಮಾಸ್ತರರಿಗೆ ಹೇಳಿ ಆಯಿತೇ, ರೇಷನ್ ಯಾರು ತರುತ್ತಾರೆ, ಜ್ವರ ಬಂದರೆ ಯಾರಿಗೆ ಫೋನು. ಇದನ್ನು ಇತ್ಯರ್ಥ ಮಾಡಿ ಹೋದ ತಂದೆತಾಯಿಗೆ ಕಬ್ಬಿನ ಗದ್ದೆಯಲ್ಲೂ ನಿದ್ದೆ ಬರುತ್ತದೆ. ದೀವಳಿಗೆಗೆ ಬರಲಾಗದಿದ್ದರೆ ಹುಣ್ಣಿಮೆಯ ರಾತ್ರಿ ಮಾತಾಡುವ ಹೊತ್ತು ಗೊತ್ತು ಮಾಡಿಕೊಳ್ಳಿ. ಮಗು ಕಾಯುತ್ತದೆ, ತಪ್ಪಿಸಬೇಡಿ.

ದೀವಳಿಗೆ ಬಂತೆಂದರೆ ನಮ್ಮ ಮಕ್ಕಳಿಗೆ ಉದ್ದನೆಯ ರಜೆ. ವಿಜಯಪುರದ ಕಡೆಯ ಸೋದರಮಾವನ ಮಕ್ಕಳಿಗೆ ದಸರೆಗೆ ರಜೆ, ನಮ್ಮ ಮಹಾರಾಷ್ಟ್ರದ ಶಾಲೆಗಳಿಗೆ ದೀವಳಿಗೆಗೆ. ಇದನ್ನು ಕೊರತೆ ಎನ್ನಬೇಡಿ. ದಸರೆಗೆ ಅವರು ಇಲ್ಲಿಗೆ ಬರಲಿ, ದೀವಳಿಗೆಗೆ ನಿಮ್ಮವರು ಅಲ್ಲಿಗೆ ಹೋಗಲಿ. ಅಂಗಳದಲ್ಲಿ ಮಕ್ಕಳು ಮಣ್ಣಿನ ಕಿಲ್ಲೆ ಕಟ್ಟಲಿ. ಕೈ ಕಾಲು ಕೆಸರಾದರೆ ಆಗಲಿ, ಸಾಸಿವೆ ಚೆಲ್ಲಿ ಹಸಿರು ಬರಿಸಲಿ, ಗೊಂಬೆ ನಿಲ್ಲಿಸಲಿ. ಪಾಡ್ಯದ ಬೆಳಿಗ್ಗೆ ಸೆಗಣಿಯ ಪಾಂಡವರನ್ನು ಮಾಡುವಾಗ ಮಕ್ಕಳ ಕೈಯಲ್ಲಿ ಉತ್ತರಾಣಿ ಕಡ್ಡಿ, ಚೆಂಡುಹೂವು ಕೊಟ್ಟು ಸಿಕ್ಕಿಸಲು ಹೇಳಿ. ಚಕ್ಕುಲಿ, ಕರ್ಚಿಕಾಯಿ, ಶಂಕರಪಾಳಿ ಎಲ್ಲವನ್ನೂ ಒಬ್ಬಳೇ ಮಾಡಿ ದಣಿಯಬೇಡ ತಂಗಿ. ಎರಡು ಬಗೆ ಮಾಡು, ಉಳಿದದ್ದನ್ನು ಓರಗಿತ್ತಿಯರ ಜೊತೆ ಹಂಚಿಕೋ. ಗಂಡನಾದವನು ಕಂದೀಲು ಕಟ್ಟಿದರಷ್ಟೇ ಸಾಲದು, ಒಲೆಯ ಹತ್ತಿರವೂ ಕೂರಬೇಕು.

ಎರಡನೆಯ ತಿಂಗಳು ಕಾರ್ತೀಕ. ಇದರ ಗುರಿ ಕಾಗದಪತ್ರದ್ದಾಗಿರಲಿ ಎಂದು ನಾನು ಹೇಳುತ್ತೇನೆ. ಸಣ್ಣ ಮಕ್ಕಳ ಮನೆಯಲ್ಲಿ ವರ್ಷಗಟ್ಟಲೆ ಮುಂದೆ ಹೋಗುವ ಕೆಲಸ ಅದೊಂದೇ. ಮಗುವಿನ ಜನನ ದಾಖಲೆ, ಆಧಾರ್, ರೇಷನ್ ಕಾರ್ಡಿನಲ್ಲಿ ಹೆಸರು, ಇವುಗಳಲ್ಲಿ ಯಾವುದು ಬಾಕಿ ಇದೆಯೋ ಅದನ್ನು ಹಿಡಿದು ಮುಗಿಸಿ. ಹೆಸರಿನ ಅಕ್ಷರ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಆಗದಂತೆ ನೋಡಿಕೊಳ್ಳಿ, ಗಡಿಯ ಮಕ್ಕಳಿಗೆ ಮುಂದೆ ಅದೇ ದೊಡ್ಡ ತೊಡಕು. 2023ರ ಏಪ್ರಿಲ್ 1ರ ನಂತರ ಹುಟ್ಟಿದ ಹೆಣ್ಣುಮಗು ಇದ್ದು, ಹಳದಿ ಅಥವಾ ಕೇಸರಿ ರೇಷನ್ ಕಾರ್ಡು ಇದ್ದರೆ ‘ಲೇಕ್ ಲಾಡಕಿ’ ಯೋಜನೆಯ ಬಗ್ಗೆ ಅಂಗನವಾಡಿ ಬಾಯಿಯನ್ನು ಕೇಳಿ. ಹುಟ್ಟಿದಾಗ 5,000 ರೂಪಾಯಿಯಿಂದ ಶುರುವಾಗಿ ಹದಿನೆಂಟು ತುಂಬುವ ಹೊತ್ತಿಗೆ ಒಟ್ಟು 1,01,000 ರೂಪಾಯಿ ಕಂತಿನಲ್ಲಿ ಬರುವ ಯೋಜನೆ ಅದು. ಹತ್ತು ವರ್ಷದೊಳಗಿನ ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಉಳಿಯುತ್ತದೆ. ‘ಲಾಡಕಿ ಬಹೀಣ’ ಯೋಜನೆಯ 1,500 ರೂಪಾಯಿ ಯಾರ ಖಾತೆಗೆ ಬರುತ್ತದೋ ಆ ತಾಯಿ ಅದರಲ್ಲೊಂದು ಪಾಲನ್ನು ಮಗಳ ಖಾತೆಗೆ ಹಾಕಲಿ. ಆ ಹಣಕ್ಕೆ ಮನೆಯ ಗಂಡಸರು ಕೈಚಾಚಬಾರದು.

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಬಂದೇ ಬರುತ್ತದೆ. ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಮಾಡಿದ ಆನೆ, ನವಿಲು, ತೇರುಗಳನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ಗೌರಿಗೆ ಬೆಳಗಲು ಹೋಗುವ ಹಬ್ಬ. ಮಗಳ ಕೈಯಲ್ಲಿ ಆರತಿ ಕೊಡುವ ಆ ಹುಣ್ಣಿಮೆಗೇ ಅವಳ ಕಾಗದಗಳು ಎಷ್ಟು ಮುಗಿದಿವೆ ಎಂಬ ಲೆಕ್ಕ ನೋಡಿ. ಮಗಳನ್ನು ಗೌರಿ ಎಂದು ಕೂಡಿಸುವ ಮನೆಯಲ್ಲಿ ಅವಳ ಹೆಸರಿನ ಪಾಸ್‌ಬುಕ್ಕೂ ಇರಬೇಕು.

ಕಾರ್ತೀಕ ಮುಗಿಯುವುದು ಛಟ್ಟಿ ಅಮಾವಾಸ್ಯೆಗೆ. ಆಗ ನಮ್ಮ ತಾಲ್ಲೂಕಿನ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಜಾತ್ರೆ. ವಿಜಯಪುರದ ಕಡೆಯಿಂದ ಸಾವಿರಾರು ಮಂದಿ ನಡೆದುಕೊಂಡೇ ಬರುತ್ತಾರೆ. ಹನ್ನೆರಡನೆಯ ಶತಮಾನದ ಈ ಶರಣೆ ಇದೇ ತಾಲ್ಲೂಕಿನ ಉಮರಾಣಿಯಲ್ಲಿ ಹುಟ್ಟಿದವಳು. ಹುಟ್ಟು ಹೆಸರು ಲಿಂಗಮ್ಮ, ಕೊಡುಗೈಯಿಂದಾಗಿ ದಾನಮ್ಮ ಎನಿಸಿದಳು ಎಂದು ನಂಬಿಕೆ. ಎರಡು ತಿಂಗಳ ಗುರಿಯ ಕೊನೆಯ ಕೆಲಸ ಅಲ್ಲಿಯೇ ಆಗಲಿ. ಮಗು ತನ್ನ ಕೈಯಾರೆ ಅಳೆದ ಒಂದು ಸೇರು ಜೋಳವನ್ನು ದಾಸೋಹಕ್ಕೆ ಒಯ್ಯಲಿ. ಹೋಗಲಾಗದಿದ್ದರೆ ದಾರಿಯಲ್ಲಿ ನಡೆದು ಹೋಗುವವರಿಗೆ ನೀರು ಕೊಡಲಿ. ಕೂಡಿಡುವುದನ್ನು ಕಲಿಸಿದ ಮೇಲೆ ಕೊಡುವುದನ್ನೂ ಕಲಿಸದಿದ್ದರೆ ಆ ಪಾಠ ಅರ್ಧಕ್ಕೇ ನಿಂತಂತೆ.

ಇನ್ನು ನಡೆಸಿಕೊಂಡು ಹೋಗುವ ರೀತಿ. ಗುರಿ ಒಂದೇ ಇರಲಿ, ಒಂದು ಸಾಲಿನಲ್ಲಿ ಬರೆಯುವಷ್ಟಿರಲಿ. ‘ಮಕ್ಕಳಿಗೆ ಒಳ್ಳೆಯ ಅಭ್ಯಾಸ ಕಲಿಸುವುದು’ ಎಂದು ಬರೆದರೆ ಅದು ಗುರಿಯಲ್ಲ, ಆಸೆ. ‘ರಾತ್ರಿ ಊಟ ಎಲ್ಲರೂ ಒಟ್ಟಿಗೆ, ಫೋನಿಲ್ಲದೆ’ ಎಂದು ಬರೆದರೆ ಗುರಿ. ಅದರಲ್ಲಿ ಅತಿ ಸಣ್ಣ ಮಗುವಿಗೂ ಒಂದು ಕೆಲಸ ಇರಲಿ, ನೀರಿನ ತಂಬಿಗೆ ಇಡುವುದಾದರೂ ಸರಿ. ಅಮಾವಾಸ್ಯೆಗೆ ಗುರಿ ಮುಟ್ಟದಿದ್ದರೆ ಮಕ್ಕಳ ಮುಂದೆ ಒಬ್ಬರನ್ನೊಬ್ಬರು ದೂರಬೇಡಿ. ಉಳಿದದ್ದನ್ನೆಲ್ಲ ಮುಂದಿನ ತಿಂಗಳಿಗೆ ಹೊತ್ತುಕೊಂಡು ಹೋಗಲೂ ಬೇಡಿ. ನಿಜಕ್ಕೂ ಬೇಕಾದದ್ದೊಂದನ್ನು ಆರಿಸಿಕೊಂಡು ಹೊಸದಾಗಿ ಶುರು ಮಾಡಿ. ಇದನ್ನು ಹಿಡಿದರೆ ಎಳ್ಳ ಅಮಾವಾಸ್ಯೆಯ ಚರಗಕ್ಕೆ ಮೂರನೆಯ ಗುರಿ ತಾನೇ ಹೊಳೆಯುತ್ತದೆ.

‘ಈ ಸಲ ಮಳೆ ಸರಿಯಾಗಿಲ್ಲ, ಯಾವ ಹಬ್ಬ ಅಜ್ಜಿ?’ ಎನ್ನುವವರಿಗೂ ಉತ್ತರ ಇದೆ. 1972ರ ಬರಗಾಲ ಕಂಡ ತಲೆಮಾರು ನಮ್ಮದು. ಸರಕಾರದ ಕಾಮಗಾರಿಯಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದ ವರ್ಷ ಅದು. ಆಗಲೂ ಹಿರಿಯರು ಒಂದು ಹಿಡಿ ಕಾಳಿನಲ್ಲಿ ಘಟ ಹಾಕಿದರು, ಹಬ್ಬವನ್ನು ಸಣ್ಣದು ಮಾಡಿದರು, ಕೈಬಿಡಲಿಲ್ಲ. ಹಬ್ಬದ ಗಾತ್ರ ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ ಇರಲಿ, ಅದರ ನೇಮ ಮಾತ್ರ ತಪ್ಪದಿರಲಿ.

ಆದ್ದರಿಂದ ಬರುವ ಮಾನಾಮಿ ಅಮಾವಾಸ್ಯೆಯ ಸಂಜೆ ಗಂಡ, ಹೆಂಡತಿ, ಮಕ್ಕಳು ಒಂದು ತಾಸು ಕೂತು ಒಂದೇ ಒಂದು ಗುರಿ ಬರೆಯಿರಿ. ಹಬ್ಬಕ್ಕೆಂದು ಸಾಲ ಮಾಡಬೇಡಿ, ಸಾಲವಿದೆಯೆಂದು ಹಬ್ಬವನ್ನೂ ಬಿಡಬೇಡಿ.